ಹೊಳವು ನೋಡಿ ಬಣ್ಣ ಬಿಡಿ: ಪುಟ್ಟ ಕಾರಿಗೆ ಏರ್‌ಬ್ರಷ್ ಹಿಡಿಯುವ ಬಗೆ

ಕಾಸರಗೋಡಿನ ಅಡಿಕೆ ತೋಟದ ಮನೆಗಳಲ್ಲಿ ಬೆಳೆದವರಿಗೆ ಏರ್‌ಬ್ರಷ್ ಎಂದರೇನು ಎಂದು ಹೇಳಿಕೊಡುವುದು ಸುಲಭ. ಕೊಳೆರೋಗಕ್ಕೆ ಮದ್ದು ಬಿಡುವ ಪಂಪನ್ನು ಪೆನ್ನಿನಷ್ಟು ಚಿಕ್ಕದು ಮಾಡಿ ನೋಡಿ, ಅದೇ ಏರ್‌ಬ್ರಷ್. ಪಂಪಿನಲ್ಲಿ ಒತ್ತಡ ಮದ್ದನ್ನು ಹೊರಗೆ ತಳ್ಳುತ್ತದೆ. ಇಲ್ಲಿ ಸೂಜಿಯ ತುದಿಯನ್ನು ಸವರಿಕೊಂಡು ಓಡುವ ಗಾಳಿ ಬಣ್ಣವನ್ನು ಸೆಳೆದುಕೊಂಡು ಮಂಜಿನಂತೆ ಒಡೆಯುತ್ತದೆ. ವ್ಯತ್ಯಾಸ ಅಷ್ಟೆ.

ಮದ್ದು ಬಿಡುವ ಮೊದಲು ಅಂಗಳದಲ್ಲಿ ಏನು ನಡೆಯುತ್ತದೆ ನೆನಪಿಸಿಕೊಳ್ಳಿ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ, ಸುಣ್ಣದ ನೀರಿಗೆ ಮೈಲುತುತ್ತಿನ ನೀರನ್ನು ನಿಧಾನವಾಗಿ ಹೊಯ್ಯುತ್ತಾರೆ. ಆಮೇಲೆ ಕಬ್ಬಿಣದ ಕತ್ತಿಯನ್ನು ಅದ್ದಿ ನೋಡುತ್ತಾರೆ. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು. ಸರಿಯಾದ ಮೇಲೆ ಬಟ್ಟೆಯಲ್ಲಿ ಸೋಸಿ ಪಂಪಿಗೆ. ಅಳತೆ, ಪರೀಕ್ಷೆ, ಸೋಸುವುದು ಈ ಮೂರೂ ಮುಗಿಯದೆ ಯಾರೂ ಮರ ಹತ್ತುವುದಿಲ್ಲ. ಮಾಡೆಲ್ ಕಾರಿನ ಕೆಲಸವೂ ಹೀಗೆಯೇ. ಕೊನೆಯಲ್ಲಿ ಕಾಣುವ ಹೊಳಪಿನ ಮುಕ್ಕಾಲು ಪಾಲು ಗನ್ನು (ಏರ್‌ಬ್ರಷ್) ಕೈಗೆತ್ತಿಕೊಳ್ಳುವ ಮೊದಲೇ ತೀರ್ಮಾನವಾಗಿರುತ್ತದೆ. ಹಾಗಾಗಿ ಈ ಲೇಖನದಲ್ಲಿ ಗನ್ನಿನ ಮಾತಿಗಿಂತ ಬಣ್ಣ ಕಲಸುವ ಮಾತೇ ಜಾಸ್ತಿ.

ಬೇಕಾದ ಸಾಮಾನು

1/24 ಅಳತೆಯ ಪ್ಲಾಸ್ಟಿಕ್ ಕಿಟ್ಟಿನಿಂದ ಶುರುಮಾಡಿ. ನಾಲ್ಕು ಮೀಟರಿನ ಕಾರು ಈ ಅಳತೆಯಲ್ಲಿ ಸುಮಾರು 17 ಸೆಂಟಿಮೀಟರ್ ಆಗುತ್ತದೆ, ಅಂಗೈಯಲ್ಲಿ ಕೂರುತ್ತದೆ. ಮೊದಲ ಪ್ರಯತ್ನಕ್ಕೆ ಜಪಾನಿನ ಮಾಡೆಲ್ ಕಂಪೆನಿ ತಮಿಯಾದ ವೋಕ್ಸ್‌ವ್ಯಾಗನ್ ಬೀಟಲ್‌ನಂಥ ದುಂಡು ಮೈಯ ಕಾರು ಒಳ್ಳೆಯದು. ಚೂಪು ಅಂಚುಗಳು ಕಡಿಮೆ ಇರುವುದರಿಂದ ಉಜ್ಜುವಾಗ ಬಣ್ಣ ಕಿತ್ತುಹೋಗುವ ಭಯವೂ ಕಡಿಮೆ.

ಗನ್ನು ಡ್ಯುಯಲ್ ಆಕ್ಷನ್ ಇರಲಿ. ಗುಂಡಿಯನ್ನು ಕೆಳಗೆ ಒತ್ತಿದರೆ ಗಾಳಿ, ಹಿಂದಕ್ಕೆ ಎಳೆದರೆ ಬಣ್ಣ. ಮೇಲೆ ಬಟ್ಟಲು ಇರುವ, 0.3 ಮಿಲಿಮೀಟರ್ ನಾಝಲ್‌ನದು ಕಾರಿನ ಎಲ್ಲ ಕೆಲಸಕ್ಕೂ ಸಾಕು. ಕಂಪ್ರೆಸರಿಗೆ ಸಣ್ಣದಾದರೂ ಒಂದು ಟ್ಯಾಂಕ್ ಬೇಕೇ ಬೇಕು. ಟ್ಯಾಂಕಿಲ್ಲದಿದ್ದರೆ ಗಾಳಿ ಪಿಸ್ಟನ್ನಿನ ತಾಳಕ್ಕೆ ಮಿಡಿಯುತ್ತಾ ಬರುತ್ತದೆ. ಒತ್ತಡ ತೋರಿಸುವ ಮೀಟರು, ನೀರು ಹಿಡಿಯುವ ಫಿಲ್ಟರು ಇವೆರಡನ್ನೂ ಬಿಡಬೇಡಿ. ನಮ್ಮ ಕರಾವಳಿಯಲ್ಲಿ ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತೇನೆ: ಗನ್ನಿನ ಬುಡದಲ್ಲೇ ಎರಡನೆಯ ಪುಟ್ಟ ಫಿಲ್ಟರು ಹಾಕಿಕೊಳ್ಳಿ. ಒತ್ತಿದ ಗಾಳಿ ಬಿಸಿಯಾಗುತ್ತದೆ, ಪೈಪಿನಲ್ಲಿ ಬರುತ್ತಾ ತಣಿಯುತ್ತದೆ, ತಣಿದಾಗ ಅದರೊಳಗಿನ ಪಸೆ ಹನಿಯಾಗುತ್ತದೆ. ಮೊದಲ ಫಿಲ್ಟರನ್ನು ದಾಟಿದ ಮೇಲೂ ಹೀಗೆ ಹನಿ ಕಟ್ಟಬಹುದು. ಒಂದೇ ಒಂದು ಹನಿ ಬಾನೆಟ್ಟಿನ ಮೇಲೆ ಬಿದ್ದರೆ ಆ ದಿನದ ಕೆಲಸ ಮುಗಿಯಿತು. ಕೆಲಸ ಮುಗಿದ ಮೇಲೆ ಟ್ಯಾಂಕಿನ ತಳದ ತಿರುಪು ಬಿಚ್ಚಿ ನೀರು ಇಳಿಸಿ. ಜಡಿಮಳೆಯ ಆಟಿ ತಿಂಗಳಲ್ಲಿ ಅದರಿಂದ ಎಷ್ಟು ನೀರು ಬರುತ್ತದೆಂದು ಒಮ್ಮೆ ನೋಡಿದವರು ಈ ಕೆಲಸವನ್ನು ಮತ್ತೆ ಮರೆಯುವುದಿಲ್ಲ.

ಇನ್ನು ಮಾಸ್ಕ್. ಗಾಳಿಯಲ್ಲಿ ತೇಲಿದ ಮಂಜು ಎಲ್ಲಿಗೆ ಹೋಗಿ ಸೇರುತ್ತದೆ ಎನ್ನುವುದನ್ನು ಎಂಡೋಸಲ್ಫಾನ್ ಕಂಡ ಈ ಜಿಲ್ಲೆಗೆ ಬೇರೆಯವರು ಹೇಳಬೇಕಿಲ್ಲ. ಬಟ್ಟೆಯ ಮಾಸ್ಕ್ ಲ್ಯಾಕರ್ ಬಣ್ಣವನ್ನು ತೆಳು ಮಾಡುವ ಥಿನ್ನರಿನ ಆವಿಯನ್ನು ತಡೆಯುವುದಿಲ್ಲ. ಇದ್ದಿಲಿನ ಕಾರ್ಟ್ರಿಜ್ ಇರುವ ರೆಸ್ಪಿರೇಟರ್ ಕೊಳ್ಳಿ, ಕಿಟಕಿಯ ಬಳಿ ಹೊರಗೆ ಗಾಳಿ ತಳ್ಳುವ ಫ್ಯಾನ್ ಇಡಿ, ಹತ್ತಿರ ಒಲೆಯಾಗಲಿ ದೀಪವಾಗಲಿ ಉರಿಯದಿರಲಿ. ಗ್ಯಾರೇಜುಗಳಲ್ಲಿ ಬಳಸುವ, ಹಾರ್ಡನರ್ ಬೆರೆಸುವ ಟು-ಕೆ ಕ್ಲಿಯರ್ (ಬಣ್ಣದ ಮೇಲೆ ಬಿಡುವ ಪಾರದರ್ಶಕ ಪದರ) ತುಂಬ ಹೊಳೆಯುತ್ತದೆ, ನಿಜ. ಆದರೆ ಆ ಹಾರ್ಡನರಿನಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ಅಪಾಯ. ಮಕ್ಕಳು, ಮುದುಕರು ಓಡಾಡುವ ಮನೆಯೊಳಗೆ ಅದು ಬೇಡ.

ಮೈ ತೊಳೆದು, ನೆಲ ಹದ ಮಾಡಿ

ಅಚ್ಚಿನಿಂದ ಬಿಡಿಸಲು ಬಳಸಿದ ಎಣ್ಣೆಯ ಪಸೆ ಕಾರಿನ ಬಾಡಿಯ ಮೇಲೆ ಉಳಿದಿರುತ್ತದೆ. ಪಾತ್ರೆ ತೊಳೆಯುವ ಸೋಪು, ಉಗುರುಬೆಚ್ಚಗಿನ ನೀರು, ಹಳೆಯ ಹಲ್ಲುಜ್ಜುವ ಬ್ರಷ್ಷು ಸಾಕು. ಬಟ್ಟೆಯಿಂದ ಒರೆಸಬೇಡಿ, ನೂಲು ಅಂಟುತ್ತದೆ. ಹಾಗೆಯೇ ಆರಲು ಬಿಡಿ. ಅಚ್ಚು ಕೂಡಿದ ಕಡೆ ಉಳಿದ ಸಣ್ಣ ಗೆರೆಗಳನ್ನು 800 ನಂಬರಿನ ಉಪ್ಪುಕಾಗದದಿಂದ ನೀರು ಹಾಕಿ ಉಜ್ಜಿ ತೆಗೆಯಿರಿ.

ಇಲ್ಲಿ ಒಂದು ಲೆಕ್ಕ ಹೇಳಬೇಕು. 1/24ರಲ್ಲಿ 0.1 ಮಿಲಿಮೀಟರ್ ದಪ್ಪದ ಬಣ್ಣವೆಂದರೆ ನಿಜದ ಕಾರಿನ ಮೇಲೆ 2.4 ಮಿಲಿಮೀಟರ್ ದಪ್ಪ ಬಳಿದಂತೆ. ಬಣ್ಣಕ್ಕೆ ಅಡಿಪಾಯವಾಗುವ ಪ್ರೈಮರು, ಬಣ್ಣ, ಕ್ಲಿಯರು ಮೂರೂ ಸೇರಿದಾಗ ಬಾಗಿಲಿನ ಸಂದು ಮುಚ್ಚಿ, ಬಾಗಿಲು ಎಲ್ಲಿದೆ ಎಂದು ಹುಡುಕುವಂತಾಗುತ್ತದೆ. ಆದ್ದರಿಂದ ಬಣ್ಣಕ್ಕೆ ಮೊದಲೇ ಬಾಗಿಲು, ಬಾನೆಟ್ಟು, ಡಿಕ್ಕಿಯ ಗೆರೆಗಳ ಮೇಲೆ ಚೂಪು ಸಲಾಕೆಯನ್ನು ಭಾರ ಹಾಕದೆ ನಾಲ್ಕೈದು ಸಲ ಎಳೆದು ಆಳ ಮಾಡಿಕೊಳ್ಳಿ.

ಪ್ರೈಮರು ಎರಡು ತೆಳು ಪದರ. ಕಣ್ಣಿಗೆ ಕಾಣದಿದ್ದ ಗೀರು, ಗುಳಿ ಎಲ್ಲ ಬೂದು ಪ್ರೈಮರಿನಲ್ಲಿ ಎದ್ದು ಕಾಣುತ್ತವೆ. ಅವನ್ನು ತುಂಬಿಸಿ, 1000ದ ಕಾಗದದಿಂದ ಮೃದುವಾಗಿ ಉಜ್ಜಿ. ಹಳದಿ, ಕೆಂಪು ಬಣ್ಣ ಹಾಕುವುದಿದ್ದರೆ ಬೂದಿನ ಮೇಲೆ ಅವು ಮಂಕಾಗುತ್ತವೆ. ಹಳದಿಗೆ ಬಿಳಿ ಪ್ರೈಮರು, ಕೆಂಪಿಗೆ ನಸುಗೆಂಪು. ಕಿಟ್ಟಿನ ಪ್ಲಾಸ್ಟಿಕ್ಕೇ ಕೆಂಪಾಗಿದ್ದು ಮೇಲೆ ಬಿಳಿ ಹಾಕಬೇಕೆಂದರೆ, ಲ್ಯಾಕರು ತಗುಲಿದಾಗ ಒಳಗಿನ ಕೆಂಪು ಮೇಲೆ ಜಿನುಗುತ್ತದೆ. ನಡುವೆ ಒಂದು ಪದರ ಬೆಳ್ಳಿ ಬಣ್ಣ ಕೊಟ್ಟರೆ ಅದು ಅಡ್ಡಗೋಡೆಯಂತೆ ನಿಲ್ಲುತ್ತದೆ.

ಬಟ್ಟಲಿನ ಕೆಲಸ

ಈಗ ಮುಖ್ಯ ಭಾಗ. ಬಾಟಲಿಯ ಬಣ್ಣ ಕೈಬ್ರಷ್ಷಿಗೆ ಹೊಂದುವಷ್ಟು ದಪ್ಪ, ಗನ್ನಿಗೆ ಹಾಗೇ ಹಾಕಿದರೆ ಕಟ್ಟಿಕೊಳ್ಳುತ್ತದೆ.

ಬಾಟಲಿ ಅಲುಗಿಸುವುದರಿಂದ ಮಾತ್ರ ಬಣ್ಣ ಕಲೆಯುವುದಿಲ್ಲ. ಮುಚ್ಚಳ ತೆಗೆದು ಒಂದು ಕಡ್ಡಿಯನ್ನು ತಳಕ್ಕೆ ತಾಗಿಸಿ ಎತ್ತಿ ನೋಡಿ. ತುದಿಯಲ್ಲಿ ಗಸಿ ಅಂಟಿ ಬಂದರೆ ಪುಡಿ ಇನ್ನೂ ತಳದಲ್ಲೇ ಇದೆ. ಗಸಿ ಪೂರ್ತಿ ಬಿಡುವವರೆಗೆ ತಿರುಗಿಸಿ. ಮೆಟಾಲಿಕ್ ಬಣ್ಣವಾದರೆ ಅದರ ಲೋಹದ ಹುಡಿ ಭಾರವಾಗಿದ್ದು ಬೇಗ ತಳ ಸೇರುತ್ತದೆ, ಗನ್ನಿನ ಬಟ್ಟಲಲ್ಲೂ ನಡುನಡುವೆ ಕದಡುತ್ತಿರಬೇಕು.

ಬೇರೆಯ ಪುಟ್ಟ ಕಪ್ಪಿನಲ್ಲಿ ಕಲಸಿ. ಲ್ಯಾಕರ್ ಆದರೆ ಒಂದು ಪಾಲು ಬಣ್ಣಕ್ಕೆ ಒಂದು ಪಾಲು ಥಿನ್ನರಿನಿಂದ ಶುರುಮಾಡಿ, ಒಂದೂವರೆ ಪಾಲಿನ ಕಡೆ ಹೋಗಿ. ತಮಿಯಾದ ಅಕ್ರಿಲಿಕ್ ಆದರೆ ಎರಡು ಪಾಲು ಬಣ್ಣಕ್ಕೆ ಒಂದು ಪಾಲು ಥಿನ್ನರಿನಿಂದ. ಬಣ್ಣದ ಜಾತಿಗೆ ಅದರದೇ ಥಿನ್ನರು ಹಾಕಿ. ಗ್ಯಾರೇಜಿನ ಎನ್‌ಸಿ ಥಿನ್ನರು ಗನ್ನು ತೊಳೆಯಲು ಚೆನ್ನಾಗಿದೆ, ಆದರೆ ಬರಿ ಪ್ಲಾಸ್ಟಿಕ್ಕಿಗೆ ತಗುಲಿದರೆ ಅದನ್ನೇ ಕರಗಿಸುತ್ತದೆ.

ಪಾಲು ಎನ್ನುವುದು ದಾರಿ ತೋರಿಸಲು ಮಾತ್ರ, ಹದವನ್ನು ಕಣ್ಣೇ ಹೇಳಬೇಕು. ಕಪ್ಪನ್ನು ಓರೆ ಮಾಡಿ ನೇರ ಮಾಡಿ. ಸ್ಟೀಲಿನ ಲೋಟದ ಒಳಮೈಯಲ್ಲಿ ಹಾಲು ಇಳಿಯುವುದನ್ನು ನೋಡಿದ್ದೀರಲ್ಲ, ಬಣ್ಣ ಹಾಗೆ ಇಳಿಯಬೇಕು: ಬೇಗ ಜಾರಬೇಕು, ಜಾರಿದ ಜಾಗದಲ್ಲಿ ತೆಳುವಾದ ಪೊರೆಯೊಂದು ಉಳಿಯಬೇಕು. ಉದ್ದಿನ ದೋಸೆಯ ಹಿಟ್ಟಿನಂತೆ ತಡೆದು ತಡೆದು ಇಳಿದರೆ ಇನ್ನೆರಡು ಹನಿ ಥಿನ್ನರು. ಪೊರೆಯೇ ಉಳಿಯದೆ ಕಪ್ಪಿನ ಬಿಳಿ ಬಿಳಿಯಾಗಿಯೇ ಕಂಡರೆ ತೀರಾ ತೆಳುವಾಗಿದೆ, ಎರಡು ಹನಿ ಬಣ್ಣ ಸೇರಿಸಿ. ಆಮೇಲೆ ಹಳೆಯ ನೈಲಾನ್ ಕಾಲುಚೀಲದ ತುಂಡಿನಲ್ಲಿ ಸೋಸಿ ಗನ್ನಿಗೆ ಹಾಕಿ. ಕಡೆಗೆ ಕತ್ತಿ ಅದ್ದಿ ನೋಡುವ ಕೆಲಸಕ್ಕೆ ಇಲ್ಲಿ ಪ್ಲಾಸ್ಟಿಕ್ ಚಮಚ ಉಂಟು. ಪ್ರೈಮರು ಹಾಕಿಟ್ಟ ಐಸ್‌ಕ್ರೀಮ್ ಚಮಚದ ಬೆನ್ನು ಬಾನೆಟ್ಟಿನ ಹಾಗೇ ಬಾಗಿರುತ್ತದೆ. ಮೊದಲು ಅದರ ಮೇಲೆ ಬಿಡಿ. ಮೇಲ್ಮೈ ಕಿತ್ತಳೆ ಸಿಪ್ಪೆಯಂತೆ ತರಿತರಿಯಾದರೆ ಬಣ್ಣ ದಪ್ಪವಾಗಿದೆ ಅಥವಾ ನೀವು ದೂರದಿಂದ ಬಿಡುತ್ತಿದ್ದೀರಿ. ಜೇಡನ ಕಾಲಿನಂತೆ ಎಲ್ಲೆಡೆ ಹರಿದರೆ ತೆಳು ಹೆಚ್ಚಾಗಿದೆ, ಇಲ್ಲವೇ ಒತ್ತಡ ಹೆಚ್ಚಾಗಿದೆ.

ಮಳೆಗಾಲದ ಬಿಳಿ ಮಸುಕು

ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರು ನಮ್ಮದು. ಹೊರಗಿನ ಪುಸ್ತಕಗಳು ಹೇಳುವ ವಿಧಾನ ಇಲ್ಲಿ ಜುಲೈಯಲ್ಲಿ ಕೈಕೊಡುತ್ತದೆ.

ಬದಿಯಡ್ಕದ ಕಡೆಯ ನಮ್ಮ ಮನೆಯ ಚಾವಡಿಯಲ್ಲಿ ಒಂದು ಮಧ್ಯಾಹ್ನ ಕಾರೊಂದಕ್ಕೆ ಕಡುನೀಲಿ ಲ್ಯಾಕರ್ ಬಿಡುತ್ತಿದ್ದೆ. ಹೊರಗೆ ಜಡಿಮಳೆ. ಬಣ್ಣ ಬಿದ್ದ ಕ್ಷಣ ಕಾರಿನ ಮಾಡು (ಚಾವಣಿ) ಕನ್ನಡಿಯಂತಿತ್ತು. ಒಂದು ನಿಮಿಷ ಆಗಿರಲಿಕ್ಕಿಲ್ಲ, ನಡುವಿನಿಂದ ಶುರುವಾಗಿ ಅಂಚಿನವರೆಗೆ ಬಿಳಿ ಹಬ್ಬುತ್ತಾ ಹೋಯಿತು, ಗಾಜಿನ ಮೇಲೆ ಉಸಿರು ಬಿಟ್ಟ ಹಾಗೆ. ಒರೆಸಲು ಹೋಗಿ ಬೆರಳಿನ ಗುರುತೂ ಬಿತ್ತು. ಎರಡು ದಿನದ ಕೆಲಸ ಹೋದ ಸಂಕಟ ಇನ್ನೂ ನೆನಪಿದೆ.

ಕಾರಣ ಇಷ್ಟು. ಥಿನ್ನರು ಆವಿಯಾಗುವಾಗ ಮೇಲ್ಮೈಯ ಶಾಖವನ್ನು ಸೆಳೆದುಕೊಳ್ಳುತ್ತದೆ. ತಣ್ಣಗಾದ ಬಣ್ಣದ ಮೇಲೆ ಗಾಳಿಯ ತೇವ ಕೂತು ಒಳಗೆ ಸಿಕ್ಕಿಬೀಳುತ್ತದೆ. ಬೇಗ ಆರುವ ಥಿನ್ನರಾದಷ್ಟೂ ತಣಿಯುವುದು ಜೋರು, ಬಿಳಿಯೂ ಜೋರು. ಆದ್ದರಿಂದ ಮಳೆಗಾಲಕ್ಕೆ ನಿಧಾನ ಆರುವ ಥಿನ್ನರು ಬೇಕು. ಮಿಸ್ಟರ್ ಕಲರ್‌ನ ಲೆವೆಲಿಂಗ್ ಥಿನ್ನರಿನಲ್ಲಿ ಆರುವುದನ್ನು ನಿಧಾನಿಸುವ ರಿಟಾರ್ಡರ್ ಸೇರಿಕೊಂಡೇ ಇರುತ್ತದೆ. ಬೇರೆ ಥಿನ್ನರಾದರೆ ಕೆಲವು ಹನಿ ರಿಟಾರ್ಡರ್ ಹಾಕಿಕೊಳ್ಳಿ. ಆಗಲೇ ಬಿಳಿಯಾಗಿದ್ದರೆ ಮುಟ್ಟಬೇಡಿ. ಹವೆ ಒಣಗಿದ ಮೇಲೆ ಲೆವೆಲಿಂಗ್ ಥಿನ್ನರನ್ನೇ ತೆಳು ಮಂಜಿನಂತೆ ಬಿಟ್ಟರೆ ಬಣ್ಣ ಮತ್ತೆ ಸಡಿಲವಾಗಿ, ಸಿಕ್ಕಿಕೊಂಡ ತೇವ ಹೊರಟು, ಎಷ್ಟೋ ಸಲ ಮಸುಕು ಬಿಡುತ್ತದೆ.

ಎಲ್ಲಕ್ಕಿಂತ ಒಳ್ಳೆಯ ಉಪಾಯ ಕಾಯುವುದು. ಅಡಿಕೆಗೆ ಮದ್ದು ಬಿಡುವವರು ಹೊಳವು, ಅಂದರೆ ಮಳೆಯ ನಡುವಿನ ಬಿಡುವು ಕಾಯುತ್ತಾರಲ್ಲ, ಹಾಗೆ. ಸಾದಾ ತೇವಮಾಪಕವಾದರೂ ಸರಿ, ಮೇಜಿನ ಮೇಲಿರಲಿ. ಅದು ಶೇಕಡಾ 70 ದಾಟಿದಾಗ ನಾನು ಲ್ಯಾಕರ್ ಕ್ಲಿಯರು ಮುಟ್ಟುವುದಿಲ್ಲ, ಆ ದಿನ ಚಕ್ರ, ಸೀಟು, ಡ್ಯಾಶ್‌ಬೋರ್ಡಿಗೆ ಮ್ಯಾಟ್ ಬಣ್ಣ ಹಚ್ಚುತ್ತೇನೆ. ಎಪ್ರಿಲ್–ಮೇ ತಿಂಗಳ ತೊಂದರೆ ಬೇರೆ ತರಹ: ಸೆಕೆಗೆ ಅಕ್ರಿಲಿಕ್ ಸೂಜಿಯ ತುದಿಯಲ್ಲೇ ಒಣಗಿ ಬಣ್ಣ ಉಗುಳತೊಡಗುತ್ತದೆ. ಬೆಳಗ್ಗೆ ಬೇಗ ಕೆಲಸ ಮಾಡಿ, ತುದಿಯನ್ನು ಥಿನ್ನರಿನಲ್ಲಿ ಅದ್ದಿದ ಬ್ರಷ್ಷಿನಿಂದ ಆಗಾಗ ಒರೆಸಿ. ಕೆಂಪುಮಣ್ಣಿನ ಹುಡಿಯೂ ಆ ತಿಂಗಳುಗಳದ್ದೇ. ಬಿಡುವ ಮೊದಲು ನೆಲಕ್ಕೆ ನೀರು ಚಿಮುಕಿಸಿದರೆ ಹುಡಿ ಏಳುವುದಿಲ್ಲ.

ಗನ್ನು ಕೈಯಲ್ಲಿ

ಒತ್ತಡ 15ರಿಂದ 18 ಪಿಎಸ್‌ಐ, ಅಂದರೆ ಒಂದು ಬಾರ್‌ಗೆ ತುಸು ಮೇಲೆ. ಮೊದಲು ಗಾಳಿ, ಆಮೇಲೆ ಬಣ್ಣ. ನಿಲ್ಲಿಸುವಾಗ ಮೊದಲು ಬಣ್ಣ, ಆಮೇಲೆ ಗಾಳಿ. ಕಾರಿನ ಆಚೆ ಶುರುಮಾಡಿ, ಕಾರನ್ನು ದಾಟಿ ಈಚೆ ನಿಲ್ಲಿಸಿ. ಮಣಿಕಟ್ಟು ತಿರುಗಿಸದೆ ಇಡೀ ತೋಳನ್ನೇ ಒಂದೇ ದೂರದಲ್ಲಿ ಸರಿಸಿ. ಚಕ್ರದ ಕಮಾನು, ಬಂಪರಿನ ತಳದಂಥ ಮೂಲೆಗಳು ಮೊದಲು, ಮಾಡು–ಬಾನೆಟ್ಟು ಕೊನೆಗೆ.

ಮೊದಲ ಪದರ ಕೇವಲ ಮಂಜು, ಒಳಗಿನ ಪ್ರೈಮರು ಕಾಣುತ್ತಿರಲಿ. ಹತ್ತು ಹದಿನೈದು ನಿಮಿಷ ಬಿಟ್ಟು ಎರಡನೆಯದು, ಮೂರನೆಯದು. ಕೊನೆಯದನ್ನು ಎಂಟು ಹತ್ತು ಸೆಂಟಿಮೀಟರ್ ದೂರದಿಂದ ಒದ್ದೆಯಾಗಿ ಬಿಡಿ, ಬಣ್ಣ ತಾನಾಗಿ ಹರಡಿ ಸಮವಾಗಬೇಕು. ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷದವರು ಚೌಕಿಯಲ್ಲಿ ಮುಖಕ್ಕೆ ಅಕ್ಕಿಹಿಟ್ಟು–ಸುಣ್ಣದ ಚುಟ್ಟಿ ಇಡುವುದನ್ನು ಗಮನಿಸಿ. ಒಂದು ಸಾಲು ಆರಿದ ಮೇಲೆಯೇ ಅದರ ಮೇಲೆ ಇನ್ನೊಂದು. ಎಷ್ಟು ಹೊತ್ತು ಹಿಡಿದರೂ ಅವಸರ ಮಾಡುವುದಿಲ್ಲ. ಆ ತಾಳ್ಮೆ ನಿಮ್ಮ ಕೈಗೂ ಬರಲಿ.

ಬಣ್ಣ ಬದಲಿಸುವಾಗಲೆಲ್ಲ ಗನ್ನು ತೊಳೆಯಿರಿ. ಬಟ್ಟಲಿಗೆ ಥಿನ್ನರು ಹಾಕಿ ಬಣ್ಣವಿಲ್ಲದೆ ಬರುವವರೆಗೆ ಬಿಡಿ, ಸೂಜಿಯನ್ನು ಹಿಂದಕ್ಕೆ ಎಳೆದು ಒರೆಸಿ. ಸೂಜಿಯ ತುದಿ ಬಾಗಿದರೆ ಬಣ್ಣ ಒಂದೇ ಬದಿಗೆ ಹೋಗುತ್ತದೆ, ಮೇಜಿನ ಮೇಲೆ ಬಿಡಿಯಾಗಿ ಇಡಬೇಡಿ.

ಒಂದು ದಿನ ಆರಿದ ಮೇಲೆ ಡೆಕಾಲ್ (ಅಂಟಿಸುವ ಚಿತ್ರ, ಅಕ್ಷರ), ಅದು ಒಣಗಿದ ಮೇಲೆ ಕ್ಲಿಯರು. ಕ್ಲಿಯರಿನ ಮೊದಲೆರಡು ಪದರ ಮಂಜಿನಂತೆಯೇ ಇರಲಿ, ಒಮ್ಮೆಲೇ ಒದ್ದೆ ಮಾಡಿದರೆ ಡೆಕಾಲ್ ಸುಕ್ಕುಗಟ್ಟುತ್ತದೆ. ಬೇಗ ಆರಲೆಂದು ಬಲ್ಬು ಉರಿಸಿದ ಪೆಟ್ಟಿಗೆಯಲ್ಲಿ ಇಡುವವರಿದ್ದಾರೆ, ಒಳಗಿನ ಬಿಸಿ 45 ಡಿಗ್ರಿ ದಾಟದಂತೆ ನೋಡಿಕೊಳ್ಳಿ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ.

ಪಾಲಿಶ್‌ಗೆ ಒಂದು ವಾರ ಕಾಯಿರಿ, ಮಳೆಗಾಲದಲ್ಲಿ ಎರಡು. ಮೂಗಿನ ಬಳಿ ಹಿಡಿದಾಗ ಥಿನ್ನರಿನ ವಾಸನೆ ಬಂದರೆ ಇನ್ನೂ ಆರಿಲ್ಲ. 2000ದ ಕಾಗದವನ್ನು ಸೋಪುನೀರಿನಲ್ಲಿ ನೆನೆಸಿ, ಬೆರಳಿನ ಭಾರವಷ್ಟನ್ನೇ ಕೊಟ್ಟು ತರಿ ಇಳಿಸಿ. ಅಂಚುಗಳನ್ನು ಮುಟ್ಟಬೇಡಿ, ಅಲ್ಲಿ ಬಣ್ಣ ಅತಿ ತೆಳು. ಆಮೇಲೆ 3000, ಆಮೇಲೆ ಮೆತ್ತನೆ ಬಟ್ಟೆಯಲ್ಲಿ ಪಾಲಿಶ್ ಕಾಂಪೌಂಡು. ಕಾರನ್ನು ಕಿಟಕಿಯ ಎದುರು ಹಿಡಿದು ಮಾಡಿನ ಮೇಲೆ ಬಿದ್ದ ಸರಳುಗಳ ಪ್ರತಿಬಿಂಬವನ್ನು ನೋಡುತ್ತಾ ಉಜ್ಜಿ. ಅವು ಎಲ್ಲಿಯೂ ನಡುಗದೆ ನೇರವಾಗಿ ನಿಂತ ಕೂಡಲೇ ಕೈ ತೆಗೆಯಿರಿ.