ಸಾಫ್ಟ್‌ವೇರ್ ಹಾಕುವ ಮುಂಚೆ ಇದೊಂದು ನೋಡಿಕೊಳ್ಳಿ

ಹೋದ ವಾರ ಕೋಲಾರದ ಟೊಮೆಟೊ ಮಂಡಿಯಲ್ಲಿ ನಮ್ಮ ಭಾವನವರ ಅಂಗಡಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಲು ಕೂತೆ. ಇನ್‌ಸ್ಟಾಲ್ ಸಲೀಸಾಗಿ ಆಯಿತು. ಐಕಾನ್ ಒತ್ತಿದರೆ 'ವಿಸಿರನ್‌ಟೈಮ್140.ಡಿಎಲ್‌ಎಲ್' ಅನ್ನೋ ಫೈಲ್ ಸಿಗುತ್ತಿಲ್ಲ ಅಂತ ಎರರ್. ಹೊರಗೆ ಹರಾಜು ಶುರುವಾಗಿದೆ, ಕ್ರೇಟ್ ಲೆಕ್ಕಕ್ಕೆ ಹಳೇ ಪುಸ್ತಕವೇ ಗತಿ!

ತಪ್ಪು ನನ್ನದೇ. ಆ ಸಾಫ್ಟ್‌ವೇರ್ ಓಡಲು ಮೈಕ್ರೋಸಾಫ್ಟ್‌ನ ವಿಷುಯಲ್ ಸಿ++ ರೀಡಿಸ್ಟ್ರಿಬ್ಯೂಟಬಲ್ ಅನ್ನೋ ಫೈಲುಗಳ ಕಟ್ಟು ಮೊದಲೇ ಇರಬೇಕಿತ್ತು; ಆ ಡಿಎಲ್‌ಎಲ್ ಬರುವುದು ಅದರಲ್ಲೇ. ಕಂಪ್ಯೂಟರಿನಲ್ಲಿ ಮೊದಲೇ ಏನೇನಿರಬೇಕು ಅನ್ನುವುದನ್ನು 'ಸಿಸ್ಟಂ ರಿಕ್ವೈರ್‌ಮೆಂಟ್ಸ್' ಅಂತ ಡೌನ್‌ಲೋಡ್ ಜಾಗದಲ್ಲೇ ಬರೆದಿತ್ತು. ಅದನ್ನೆಲ್ಲ ಯಾರು ಓದುತ್ತಾರೆ, ಅಲ್ವಾ? ಅಲ್ಲಿ ಡಾಟ್‌ನೆಟ್, ಜಾವಾ ಅಂತ ಇಂಥದೇ ಬೇರೆ ಕಟ್ಟು ಏನಾದರೂ ಕೇಳಿದ್ದರೆ ಮೊದಲು ಅದನ್ನು ಹಾಕಿ. ವರ್ಷನ್ನೂ ನೋಡಿ. ಡಾಟ್‌ನೆಟ್ ಫ್ರೇಮ್‌ವರ್ಕ್ 3.5 ಕೇಳಿದರೆ 4.8 ಇದ್ದರೂ ಸಾಲದು. ವಿಂಡೋಸ್ 10ರಲ್ಲಾದರೆ 'ವಿಂಡೋಸ್ ಫೀಚರ್ಸ್' ತೆರೆದು 3.5ಕ್ಕೆ ಟಿಕ್ ಹಾಕಿ.

ನನಗೆ ಜಾಸ್ತಿ ಹೊತ್ತು ಹೋಗಿದ್ದು ಇನ್ನೊಂದು ಕಡೆ. ಕಂಪ್ಯೂಟರ್ 64 ಬಿಟ್ ಅಲ್ವಾ ಅಂತ ರೀಡಿಸ್ಟ್ರಿಬ್ಯೂಟಬಲ್‌ನ ಎಕ್ಸ್64, ಅಂದರೆ 64 ಬಿಟ್‌ನ ಫೈಲ್ ಹಾಕಿದೆ. ಮತ್ತೆ ಅದೇ ಎರರ್! ನೋಡಿದರೆ ಸಾಫ್ಟ್‌ವೇರ್ 32 ಬಿಟ್‌ನದು, ಅದಕ್ಕೆ ಎಕ್ಸ್86, ಅಂದರೆ 32 ಬಿಟ್‌ನ ಫೈಲ್ ಬೇಕು. ಕಂಪ್ಯೂಟರ್ 64 ಬಿಟ್ ಆಗಿದ್ದರೆ ಸುಮ್ನೆ ಎರಡನ್ನೂ ಹಾಕಿಬಿಡಿ, ಒಂದಕ್ಕೊಂದು ಅಡ್ಡ ಬರುವುದಿಲ್ಲ.

ಇಲ್ಲದ ಡಿಎಲ್‌ಎಲ್ ಒಂದನ್ನೇ ಯಾವುದೋ ಸೈಟಿನಿಂದ ತಂದು ತುರುಕಬೇಡಿ. ಜೊತೆಗೆ ವೈರಸ್ಸೂ ಬಂದರೆ ಅಂಗಡಿ ಲೆಕ್ಕವೆಲ್ಲ ಹೋದೀತು.