ಮಲಗಿಸಿಯೇ ಇಡಬೇಡಿ: ಸ್ಟ್ರೋಕ್ ಆದವರನ್ನು ಮನೆಯಲ್ಲಿ ನೋಡಿಕೊಂಡ ನನ್ನ ಅನುಭವ

ನಾನು ನರ್ಸ್. ಮೊದಲು ಆಸ್ಪತ್ರೆಯ ವಾರ್ಡಿನಲ್ಲಿದ್ದೆ. ಈಗ ಮೈಸೂರು, ನಂಜನಗೂಡು, ಶ್ರೀರಂಗಪಟ್ಟಣದ ಕಡೆ ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುತ್ತೇನೆ. ಹೆಚ್ಚಿನವರು ಸ್ಟ್ರೋಕ್ ಆದವರು. ಹಳ್ಳಿ ಕಡೆ ಲಕ್ವ ಹೊಡೆದಿದೆ ಅಂತಾರೆ. ನಮ್ಮ ತಂಡದಲ್ಲಿ ಒಬ್ಬ ಫಿಸಿಯೋಥೆರಪಿಸ್ಟ್ ಇದ್ದಾರೆ, ಅವರು ವಾರಕ್ಕೆ ಕೆಲವು ದಿನ ಬಂದು ಹೋಗುತ್ತಾರೆ. ಮಿಕ್ಕ ಹೊತ್ತೆಲ್ಲ ರೋಗಿಯ ಜೊತೆ ಇರುವವರು ಮನೆಯವರೇ. ಹಾಗಾಗಿ ನಾನು ರೋಗಿಗೆ ಮಾಡುವುದಕ್ಕಿಂತ ಮನೆಯವರಿಗೆ ಕಲಿಸುವುದೇ ಜಾಸ್ತಿ.

ಯಾವ ಮನೆಗೆ ಹೋದರೂ ಮೊದಲು ಕೇಳುವ ಮಾತು ಒಂದೇ. "ಪಾಪ, ಸುಸ್ತಾಗಿದ್ದಾರೆ ಸಿಸ್ಟರ್, ಮಲಗಲಿ ಬಿಡಿ." ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ವಯಸ್ಸಾದವರ ಮೈಗೆ ಹಾಸಿಗೆ ಮಾಡುವಷ್ಟು ಹಾನಿಯನ್ನು ಬೇರೆ ಯಾವುದೂ ಮಾಡುವುದಿಲ್ಲ ಅನ್ನುವುದು ನಾನು ದಿನಾ ಕಣ್ಣಾರೆ ನೋಡುವ ಸತ್ಯ. 2007ರಲ್ಲಿ ಅಮೆರಿಕದಲ್ಲಿ ಒಂದು ಸಣ್ಣ ಅಧ್ಯಯನ ನಡೆಯಿತು. ಯಾವ ಕಾಯಿಲೆಯೂ ಇಲ್ಲದ ವಯಸ್ಸಾದವರನ್ನು 10 ದಿನ ಹಾಸಿಗೆಯಲ್ಲೇ ಇರಿಸಿದರು. ಅಷ್ಟರಲ್ಲೇ ಕಾಲುಗಳಿಂದ ಹೆಚ್ಚುಕಡಿಮೆ ಒಂದು ಕಿಲೋ ಮಾಂಸಖಂಡ ಕರಗಿತ್ತು. ಗಟ್ಟಿಮುಟ್ಟಾಗಿದ್ದವರಿಗೇ ಹೀಗಾದರೆ ಒಂದು ಪಕ್ಕ ಬಿದ್ದುಹೋದವರ ಗತಿ ಏನು? ಡಾಕ್ಟರ್ ಎದ್ದು ಕೂರಿಸಬಹುದು ಅಂತ ಹೇಳಿದ ದಿನದಿಂದಲೇ ನಾನು ಕೂರಿಸಲು ಶುರು ಮಾಡುತ್ತೇನೆ.

ಕೂರಿಸುವುದಕ್ಕೂ ಕ್ರಮ ಇದೆ. ನೇರ ಬೆನ್ನಿನಿಂದ ಎತ್ತುವುದಿಲ್ಲ. ಮೊದಲು ಮಗ್ಗುಲಾಗಿಸಿ, ಎರಡೂ ಕಾಲನ್ನು ಮಂಚದಿಂದ ಕೆಳಗೆ ಇಳಿಬಿಡಿಸಿ, ಆಮೇಲೆ ಮೊಣಕೈ ಊರಿ ಏಳಿಸಬೇಕು. ಕೂತ ತಕ್ಷಣ ನಿಲ್ಲಿಸಬಾರದು. ಒಂದೆರಡು ನಿಮಿಷ ಹಾಗೇ ಬಿಡಬೇಕು, ತಲೆ ಸುತ್ತುತ್ತಾ ಅಂತ ಕೇಳಬೇಕು. ನಾನು ಮಲಗಿದ್ದಾಗ ಒಮ್ಮೆ, ನಿಂತ ಮೇಲೆ ಒಮ್ಮೆ ಬಿಪಿ ನೋಡುತ್ತೇನೆ. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ ಡಾಕ್ಟರಿಗೆ ಹೇಳುತ್ತೇನೆ. ಎಷ್ಟೋ ಸಲ ಬೀಳುವುದು ಕಾಲಿನ ತಪ್ಪಿನಿಂದಲ್ಲ, ಬಿಪಿ ಹೀಗೆ ಥಟ್ಟನೆ ಇಳಿಯುವುದರಿಂದ.

ಕೂತಾಗ ಎರಡೂ ಪಾದ ನೆಲಕ್ಕೆ ಪೂರ್ತಿ ತಾಗಬೇಕು. ನಮ್ಮ ಕಡೆ ಇನ್ನೂ ಚಾಪೆ ಮೇಲೆ ಮಲಗುವವರಿದ್ದಾರೆ. ಅಂಥ ಮನೆಯಲ್ಲಿ ಮಂಚ ತರಿಸುತ್ತೇನೆ. ನೆಲದಿಂದ ಏಳುವ ಶಕ್ತಿ ಈಗ ಅವರಿಗಿಲ್ಲ. ಕುರ್ಚಿ ಅಂದರೆ ಕೈ ಇರುವ ಕುರ್ಚಿ. ಪ್ಲಾಸ್ಟಿಕ್ಕಿನದಾದರೆ ಹಿಂಬದಿ ಗೋಡೆಗೆ ಒತ್ತಿಟ್ಟಿರಬೇಕು, ಇಲ್ಲದಿದ್ದರೆ ಏಳುವಾಗ ಹಿಂದಕ್ಕೆ ಜಾರುತ್ತದೆ.

ಏಳಿಸುವಾಗ ಎಲ್ಲರೂ ಮಾಡುವುದು ಏನು ಗೊತ್ತಾ? ಬಿದ್ದ ಕೈಯನ್ನೋ ಕಂಕುಳನ್ನೋ ಹಿಡಿದು ಎಳೆಯುತ್ತಾರೆ. ದಯವಿಟ್ಟು ಬೇಡ. ಸ್ಟ್ರೋಕ್ ಆದ ಕೈಯಲ್ಲಿ ಭುಜದ ಕೀಲನ್ನು ಹಿಡಿದಿಡುವ ಮಾಂಸಖಂಡ ಸಡಿಲವಾಗಿರುತ್ತದೆ. ಎಳೆದರೆ ಕೀಲು ಜಾರುತ್ತದೆ, ಆಮೇಲೆ ತಿಂಗಳುಗಟ್ಟಲೆ ನೋವು. ಆ ನೋವಿಗೆ ಹೆದರಿ ಅವರು ವ್ಯಾಯಾಮವನ್ನೇ ಬಿಟ್ಟುಬಿಡುತ್ತಾರೆ. ನಾನು ಬಲವಿಲ್ಲದ ಪಕ್ಕದಲ್ಲಿ ನಿಲ್ಲುತ್ತೇನೆ. ನನ್ನ ಮೊಣಕಾಲನ್ನು ಅವರ ಮೊಣಕಾಲಿಗೆ ಅಡ್ಡ ಕೊಡುತ್ತೇನೆ, ಅದು ಮಡಚಿಕೊಳ್ಳಬಾರದು ಅಂತ. ಸೊಂಟಕ್ಕೆ ಅಗಲವಾದ ಬೆಲ್ಟ್ ಕಟ್ಟಿ ಅದನ್ನೇ ಹಿಡಿಯುತ್ತೇನೆ. ಬೆಲ್ಟ್ ಇಲ್ಲದ ಮನೆಯಲ್ಲಿ ಪಂಚೆಯನ್ನು ಮಡಿಸಿ ಬಿಗಿಯಾಗಿ ಕಟ್ಟಿದ್ದೂ ಉಂಟು. ಆಮೇಲೆ ಹೇಳುವುದು ಒಂದೇ ಮಾತು: "ಮುಂದಕ್ಕೆ ಬಾಗಿ ತಾತ, ಮೂಗು ಕಾಲ್ಬೆರಳಿನ ಮೇಲೆ ಬರಲಿ." ಹಾಗೆ ಬಾಗಿದರೆ ಭಾರ ತಾನಾಗೇ ಪಾದದ ಮೇಲೆ ಬರುತ್ತದೆ, ಎದ್ದುಬಿಡುತ್ತಾರೆ. ಕೂರುವುದು, ಏಳುವುದು, ಮತ್ತೆ ಕೂರುವುದು. ತೊಡೆಗೆ ಇದಕ್ಕಿಂತ ಒಳ್ಳೆ ವ್ಯಾಯಾಮ ನನಗೆ ಗೊತ್ತಿಲ್ಲ. ಊಟಕ್ಕೆ ಮುಂಚೆ ಒಂದಿಷ್ಟು ಸಲ, ಟಿವಿ ನೋಡುವಾಗ ಒಂದಿಷ್ಟು ಸಲ ಮಾಡಿಸಿ.

ಬಟ್ಟೆ ಹಾಕುವಾಗಲೂ ಭುಜದ ಮೇಲೆ ಗಮನ ಇರಲಿ. ಹಾಕುವಾಗ ಬಿದ್ದ ಕೈ ಮೊದಲು, ಬಿಚ್ಚುವಾಗ ಚೆನ್ನಾಗಿರುವ ಕೈ ಮೊದಲು. ಕೋಲು ಹಿಡಿಯುವುದು ಚೆನ್ನಾಗಿರುವ ಕೈಯಲ್ಲಿ. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮುಂದೆ, ಇಳಿಯುವಾಗ ಬಲವಿಲ್ಲದ ಕಾಲು ಮುಂದೆ.

ಈಗ ಊಟದ ವಿಚಾರ. ಇದರಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ನಮ್ಮ ಕಡೆ ಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಸ್ಟ್ರೋಕ್ ಆದ ಹೊಸದರಲ್ಲಿ ಅದೇ ಅಪಾಯ. ಗಂಟಲಿನ ಮಾಂಸಖಂಡವೂ ಬಲ ಕಳೆದುಕೊಂಡಿರುತ್ತದೆ. ತುತ್ತು ಸಿಕ್ಕಿಕೊಳ್ಳಬಹುದು, ಇಲ್ಲವೇ ಸಾರು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಜೀವನಪೂರ್ತಿ ಮುದ್ದೆ ಉಂಡವರಿಗೆ ಬೇಡ ಅನ್ನುವುದು ಕಷ್ಟ, ನನಗೂ ಸಂಕಟವಾಗುತ್ತದೆ. ಆದರೆ ನುಂಗುವುದನ್ನು ತಜ್ಞರು ನೋಡಿ ಆಗಬಹುದು ಅನ್ನುವ ತನಕ ರಾಗಿಯನ್ನು ಗಟ್ಟಿ ಗಂಜಿ ಮಾಡಿ ಕೊಡಿಸುತ್ತೇನೆ. ಅನ್ನಕ್ಕೆ ತೆಳು ಸಾರು ಹಾಕಿ ಕೊಡುವುದೂ ಬೇಡ. ಸಾರು ಮುಂದೆ ಓಡುತ್ತದೆ, ಅಗುಳು ಬಾಯಲ್ಲೇ ಉಳಿಯುತ್ತದೆ. ಮೆತ್ತಗೆ ಬೇಯಿಸಿ, ಬೇಳೆ ಅಥವಾ ಮೊಸರಿನ ಜೊತೆ ಒಂದೇ ಹದಕ್ಕೆ ಕಿವುಚಿ ಕೊಡಬೇಕು.

ಎಲ್ಲಕ್ಕಿಂತ ಕಷ್ಟ ನೀರು. ಬರೀ ನೀರೇ ತಾನೇ, ಏನಾಗುತ್ತೆ ಅಂದುಕೊಳ್ಳುತ್ತಾರೆ. ತೆಳುವಾದದ್ದೇ ಬೇಗ ತಪ್ಪು ದಾರಿ ಹಿಡಿಯುವುದು. ನೀರು ಕುಡಿದ ಮೇಲೆ ಕೆಮ್ಮು ಬಂದರೆ, ಗಂಟಲಲ್ಲಿ ನೀರು ನಿಂತ ಹಾಗೆ ದನಿ ಗೊರಗೊರ ಅಂದರೆ, ಅಲ್ಲಿಗೇ ನಿಲ್ಲಿಸಿ ಡಾಕ್ಟರಿಗೆ ತಿಳಿಸಿ. ಮೈಸೂರಿನಲ್ಲಿರುವವರಿಗೆ ಒಂದು ಅನುಕೂಲ ಇದೆ. 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಾನಸಗಂಗೋತ್ರಿಯಲ್ಲೇ ಇದೆ. ಕಿವಿ ಕೇಳದ ಮಕ್ಕಳಿಗೆ ಮಾತ್ರ ಅಂತ ತುಂಬಾ ಜನ ತಿಳಿದಿದ್ದಾರೆ. ಸ್ಟ್ರೋಕಿನಿಂದ ಮಾತು ಹೋದವರನ್ನೂ ನುಂಗಲು ತೊಂದರೆ ಆದವರನ್ನೂ ಅಲ್ಲಿ ನೋಡುತ್ತಾರೆ.

ಉಣಿಸುವಾಗ ನೇರವಾಗಿ ಕೂರಿಸಿ, ಗಲ್ಲ ಸ್ವಲ್ಪ ಕೆಳಗಿರಲಿ. ತಲೆ ಹಿಂದಕ್ಕೆ ಎತ್ತಿಸಿ ಬಾಯಿಗೆ ಸುರಿಯಬೇಡಿ. ಸಣ್ಣ ಚಮಚ, ಒಂದು ತುತ್ತು ನುಂಗಿದ ಮೇಲೇ ಇನ್ನೊಂದು. ಊಟ ಆದ ಮೇಲೆ ಅರ್ಧ ಗಂಟೆಯಾದರೂ ಕೂತೇ ಇರಲಿ. ಬಿದ್ದ ಪಕ್ಕದ ಕೆನ್ನೆಯೊಳಗೆ ಅನ್ನ ಉಳಿದಿರುತ್ತದೆ, ಅವರಿಗೆ ಗೊತ್ತೇ ಆಗುವುದಿಲ್ಲ. ಬೆರಳಿಗೆ ಒದ್ದೆ ಬಟ್ಟೆ ಸುತ್ತಿ ತೆಗೆದು ಹಲ್ಲುಜ್ಜಿಸಿ. ಬಾಯಿ ಶುಚಿಯಾಗಿದ್ದರೆ ನ್ಯುಮೋನಿಯಾದ ಭಯ ಅಷ್ಟು ಕಡಿಮೆ.

ಇನ್ನೂ ಏಳಲಾಗದವರ ಮಾತು ಬೇರೆ. ಅವರಿಗೆ ಬೆನ್ನುಹುಣ್ಣು ಆಗದ ಹಾಗೆ ಕಾಯುವುದೇ ನನ್ನ ಮುಖ್ಯ ಕೆಲಸ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯೂ. ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಗಂಟೆ ಬರೆದು ಗೋಡೆಗೆ ಅಂಟಿಸುತ್ತೇನೆ: ಎಡ, ಬೆನ್ನು, ಬಲ. ಬದಲಿಸಿದವರು ಪಕ್ಕದಲ್ಲಿ ಗುರುತು ಹಾಕಬೇಕು. ಆಗ ಯಾರ ಪಾಳಿ ಅಂತ ಜಗಳವೂ ಇಲ್ಲ, ಮರೆಯುವುದೂ ಇಲ್ಲ. ಪೂರ್ತಿ ಮಗ್ಗುಲಾಗಿಸಿದರೆ ಸೊಂಟದ ಮೂಳೆ ಒತ್ತುತ್ತದೆ. ಬೆನ್ನ ಹಿಂದೆ ದಿಂಬು ಕೊಟ್ಟು ಓರೆಯಾಗಿ ಮಲಗಿಸಿದರೆ ಸಾಕು. ಸರಿಸುವಾಗ ಎಳೆಯಬಾರದು, ಚರ್ಮ ಕಿತ್ತುಹೋಗುತ್ತದೆ. ಹಳೆ ಕಾಟನ್ ಸೀರೆಯನ್ನು ಮಡಿಸಿ ಮೈ ಕೆಳಗೆ ಹಾಸಿರುತ್ತೇನೆ. ಇಬ್ಬರು ಎರಡು ಕಡೆ ಹಿಡಿದು ಎತ್ತಿದರೆ ಸಲೀಸು.

ಹಿಮ್ಮಡಿ, ಬಾಲಮೂಳೆ, ಸೊಂಟ, ಮೊಣಕೈ ದಿನಾ ನೋಡಿ. ಕೆಂಪಗಿದ್ದರೆ ಬೆರಳಿನಿಂದ ಒತ್ತಿ ಬಿಡಿ. ಬೆಳ್ಳಗಾಗಿ ಮತ್ತೆ ಕೆಂಪಾದರೆ ಪರವಾಗಿಲ್ಲ. ಒತ್ತಿದರೂ ಕೆಂಪಗೇ ಇದ್ದರೆ ಹುಣ್ಣು ಶುರುವಾಗಿದೆ ಅಂತಲೇ ಅರ್ಥ. ಕಪ್ಪು ಚರ್ಮದಲ್ಲಿ ಕೆಂಪು ಕಾಣುವುದಿಲ್ಲ, ಅಲ್ಲಿ ಬಿಸಿಯಾಗಿದೆಯಾ, ಗಟ್ಟಿಯಾಗಿದೆಯಾ ಅಂತ ಮುಟ್ಟಿ ನೋಡಬೇಕು. ಅಂಥ ಜಾಗಕ್ಕೆ ಎಣ್ಣೆ ಹಾಕಿ ತಿಕ್ಕುವುದು, ಸ್ಪಿರಿಟ್ ಹಚ್ಚುವುದು, ಗಾಳಿ ತುಂಬಿದ ರಿಂಗ್ ಇಡುವುದು ಎಲ್ಲ ಕೆಡುಕೇ. ಆ ಜಾಗದ ಮೇಲೆ ಭಾರ ಬೀಳದ ಹಾಗೆ ಮಾಡುವುದೇ ಔಷಧಿ. ಹಿಮ್ಮಡಿ ಗಾಳಿಯಲ್ಲಿರುವ ಹಾಗೆ ಮೀನಖಂಡದ ಕೆಳಗೆ ದಿಂಬು ಇಡಿ. ಏರ್ ಬೆಡ್ ಒಳ್ಳೆಯದೇ, ಆದರೆ ಅದು ಇದೆ ಅಂತ ಮಗ್ಗುಲು ಬದಲಿಸುವುದನ್ನು ಬಿಡುವ ಹಾಗಿಲ್ಲ.

ನನಗೆ ತುಂಬಾ ಖುಷಿ ಕೊಡುವ ಭಾಗ ಕೈ ಚಿಕಿತ್ಸೆ. ಸ್ಪಂಜಿನ ಚೆಂಡು ಹಿಸುಕಿ ಅಂತ ಕೊಟ್ಟರೆ ಎಷ್ಟು ಜನ ಹಿಸುಕುತ್ತಾರೆ? ಸ್ವಲ್ಪ ಹೊತ್ತು ಹಿಸುಕಿ ಪಕ್ಕಕ್ಕಿಡುತ್ತಾರೆ. ನಂಜನಗೂಡಿನ ಕಡೆ ಒಬ್ಬ ಅಜ್ಜಿಗೆ ಬಲಗೈ ಬಿದ್ದಿತ್ತು. ಬೆರಳು ಅಲ್ಪಸ್ವಲ್ಪ ಆಡುತ್ತಿತ್ತು. ಅದು ಅವರೆಕಾಯಿ ಕಾಲ. ಸೊಸೆ ಒಂದು ಮೊರ ತುಂಬಾ ಅವರೆಕಾಯಿ ಬಿಡಿಸುತ್ತ ಕೂತಿದ್ದರು. ನಾನು ಒಂದು ಹಿಡಿ ತೆಗೆದು ಅಜ್ಜಿ ಮುಂದೆ ಹಾಕಿದೆ. ಎಡಗೈಯಲ್ಲಿ ಹಿಡಿದು ಬಲಗೈ ಹೆಬ್ಬೆರಳಿನಿಂದ ಸೀಳಲು ನೋಡಿದರು. ಮೊದಲ ದಿನ ಆಗಲೇ ಇಲ್ಲ. ಆದರೆ ಬಿಡಲಿಲ್ಲ, ಯಾಕೆಂದರೆ ಅದು ಅವರಿಗೆ ಗೊತ್ತಿದ್ದ ಕೆಲಸ. ಆಮೇಲೆ ದಿನಾ ಅವರ ಪಾಲಿನ ಕಾಯಿ ಅವರಿಗೇ ಅಂತಾಯಿತು. ಕೆಲವು ವಾರಗಳಲ್ಲಿ ನೆನೆಸಿದ ಕಾಳನ್ನು ಹಿದುಕುವ ಮಟ್ಟಕ್ಕೆ ಬಂದರು. ಹಿದಕವರೆ ಮಾಡುವವರಿಗೆ ಗೊತ್ತು, ಹೆಬ್ಬೆರಳು ಮತ್ತು ತೋರುಬೆರಳು ಎಷ್ಟು ಹದವಾಗಿ ಒತ್ತಬೇಕು ಅಂತ. ಫಿಸಿಯೋಥೆರಪಿಸ್ಟ್ ನೋಡಿ, ಇದೇ ನಾನು ಬರೆದುಕೊಡಬೇಕಿದ್ದ ವ್ಯಾಯಾಮ ಅಂದರು.

ಸುಮ್ನೆ ಹೇಳುತ್ತಿಲ್ಲ. ಮಿದುಳು ಮತ್ತೆ ಕಲಿಯುವುದು ಹೀಗೆಯೇ, ಅರ್ಥವಿರುವ ಒಂದು ಕೆಲಸವನ್ನು ನೂರಾರು ಸಲ ಮಾಡಿ. ಹಾಗಾಗಿ ಈಗ ಯಾವ ಮನೆಗೆ ಹೋದರೂ ಮೊದಲು ಏನು ಕೆಲಸ ಮಾಡುತ್ತಿದ್ದರು ಅಂತ ಕೇಳುತ್ತೇನೆ. ಹೂ ಕಟ್ಟುತ್ತಿದ್ದವರಿಗೆ ದಾರ ಕೊಡುತ್ತೇನೆ. ಅಂಗಡಿ ಇಟ್ಟವರಿಗೆ ಚಿಲ್ಲರೆ ಎಣಿಸಲು ಕೊಡುತ್ತೇನೆ. ಉಳಿದವರಿಗೆ ಒಗೆದ ಬಟ್ಟೆ ಮಡಿಸುವುದಾದರೂ ಇದ್ದೇ ಇದೆ, ಅಲ್ವಾ? ಮನೆಯವರು "ನಿಮಗ್ಯಾಕೆ ಬಿಡಿ, ನಾವು ಮಾಡ್ತೀವಿ" ಅನ್ನದಿದ್ದರೆ ಸಾಕು.

ಬಚ್ಚಲುಮನೆ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಗೋಡೆಗೆ ಸ್ಟೀಲಿನ ಹಿಡಿಕೆ ಹಾಕಿಸಿ. ಟವೆಲ್ ರಾಡು ಮನುಷ್ಯನ ಭಾರ ತಡೆಯುವುದಿಲ್ಲ. ಕಮೋಡ್ ಕುರ್ಚಿ ತನ್ನಿ. ಒಳಗಿನಿಂದ ಚಿಲಕ ಹಾಕಲು ಬಿಡಬೇಡಿ. ಹೊಸ್ತಿಲ ಬಳಿಯ ಜಾರುವ ಕಾಲೊರೆಸು ತೆಗೆಯಿರಿ, ರಾತ್ರಿ ಸಣ್ಣ ದೀಪ ಉರಿಯಲಿ. ನೀರಿನ ಬಿಸಿಯನ್ನು ನಿಮ್ಮ ಕೈಯಿಂದ ನೋಡಿ. ಬಿದ್ದ ಪಕ್ಕಕ್ಕೆ ಸುಟ್ಟರೂ ತಿಳಿಯದಿರಬಹುದು, ಸಕ್ಕರೆ ಕಾಯಿಲೆ ಇದ್ದವರಿಗಂತೂ ಇನ್ನೂ ಜಾಸ್ತಿ. ಬಿಸಿನೀರಿನ ಬ್ಯಾಗ್ ಕೂಡ ಬೇಡ. ಇನ್ನೊಂದು, ಪದೇಪದೇ ಯಾರನ್ನಾದರೂ ಕರೆಯಬೇಕಲ್ಲ ಅನ್ನುವ ಸಂಕೋಚಕ್ಕೆ ಹೆಂಗಸರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಆಮೇಲೆ ಮಲಬದ್ಧತೆ, ಉರಿಮೂತ್ರ, ಕೊನೆಗೆ ಗೊಂದಲದ ಮಾತು. ಅವರು ಕೇಳುವ ಮುಂಚೆಯೇ ಹೊತ್ತು ಹೊತ್ತಿಗೆ ನೀವೇ ಕರೆದುಕೊಂಡು ಹೋಗಿ.

ಮಾತು ಹೋದವರ ಎದುರು ಅವರೇ ಇಲ್ಲವೇನೋ ಅನ್ನುವ ಹಾಗೆ ಮಾತಾಡುವುದು ನನಗೆ ಸಹಿಸಲಾಗದ ವಿಷಯ. ಮಾತು ಬರದಿದ್ದರೂ ಹೆಚ್ಚಿನವರಿಗೆ ತುಂಬಾ ವಿಷಯ ಅರ್ಥವಾಗುತ್ತಿರುತ್ತದೆ. ಕಿವಿ ಕೇಳುತ್ತದೆ, ಕಿರುಚಬೇಕಿಲ್ಲ. ಹೌದು, ಇಲ್ಲ ಅಂತ ತಲೆಯಾಡಿಸಬಹುದಾದ ಪ್ರಶ್ನೆ ಕೇಳಿ, ಉತ್ತರಕ್ಕೆ ಕಾಯಿರಿ. ಸ್ಟ್ರೋಕ್ ಆದ ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ಊಟ ಬೇಡ, ವ್ಯಾಯಾಮ ಬೇಡ, ಸುಮ್ಮನೆ ಅಳು ಅಂದರೆ ಅದು ಹಟ ಅಲ್ಲ. ಡಾಕ್ಟರಿಗೆ ಹೇಳಿ, ಅದಕ್ಕೂ ಔಷಧಿ ಇದೆ. ನೋಡಿಕೊಳ್ಳುವವರೂ ಮನುಷ್ಯರೇ. ಎಷ್ಟೋ ಮನೆಯಲ್ಲಿ ಒಬ್ಬ ಸೊಸೆಯ ತಲೆ ಮೇಲೇ ಎಲ್ಲ ಬಿದ್ದಿರುತ್ತದೆ. ನಾನು ಗಂಡ, ಮಕ್ಕಳು ಎಲ್ಲರನ್ನೂ ಕೂರಿಸಿ ಪಾಳಿ ಹಂಚಿಯೇ ಬರುತ್ತೇನೆ. ಮನಸ್ಸಿಗೆ ತೀರಾ ಭಾರವಾದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಎಣ್ಣೆ ನೀವಿಸಿಕೊಳ್ಳಲು, ನಾಟಿ ಔಷಧಿಗೆ ಹೋಗುವವರ ಜೊತೆ ನಾನು ವಾದಕ್ಕೆ ಇಳಿಯುವುದಿಲ್ಲ. ಮೆಲ್ಲಗೆ ಎಣ್ಣೆ ಹಚ್ಚಿದರೆ ಚರ್ಮಕ್ಕೆ ಹಿತ, ಆದರೆ ಬಿದ್ದ ಕೈ ಏಳುವುದು ಅದರಿಂದಲ್ಲ. ಕೈಮುಗಿದು ಕೇಳುವುದು ಒಂದೇ. ಬಿಪಿ ಮಾತ್ರೆ, ಸಕ್ಕರೆ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ. ಪಥ್ಯ ಅಂತ ಮಾತ್ರೆ ಬಿಟ್ಟು ಎರಡನೇ ಸ್ಟ್ರೋಕ್ ಆದವರನ್ನು ನೋಡಿದ್ದೇನೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯನ್ನು ತಟ್ಟೆಯಿಂದ ತೆಗೆಯಿರಿ. ದಿನಕ್ಕೆ ಒಬ್ಬರಿಗೆ ಉಪ್ಪು 5 ಗ್ರಾಂ ಒಳಗಿರಬೇಕು, ಅಂದರೆ ಎಲ್ಲ ಅಡುಗೆ ಸೇರಿ ಒಂದು ಟೀ ಚಮಚಕ್ಕಿಂತ ಕಡಿಮೆ.

ಮತ್ತೆ ಬಾಯಿ ಸೊಟ್ಟಗಾದರೆ, ಒಂದು ಕೈ ಜೋತುಬಿದ್ದರೆ, ಮಾತು ತೊದಲಿದರೆ ಬೆಳಗಾಗಲಿ ಅಂತ ಕಾಯಬೇಡಿ. ಬಾಯಿಗೆ ಏನೂ ಹಾಕಬೇಡಿ, ಮಾತ್ರೆ ಕೂಡ. 108ಕ್ಕೆ ಫೋನ್ ಮಾಡಿ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಿ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ಇರುವ ಸಮಯ ನಾಲ್ಕೂವರೆ ಗಂಟೆ. ಆ ಲೆಕ್ಕ ಶುರುವಾಗುವುದು ನೀವು ಗಮನಿಸಿದ ಹೊತ್ತಿನಿಂದ ಅಲ್ಲ, ಅವರು ಕೊನೆಯದಾಗಿ ಸರಿಯಾಗಿದ್ದ ಹೊತ್ತಿನಿಂದ. ಆ ಗಂಟೆಯನ್ನು ಚೀಟಿಯಲ್ಲಿ ಬರೆದು, ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿ ಜೊತೆ ಡಾಕ್ಟರ್ ಕೈಗೆ ಕೊಡಿ.