ಕ್ಲ್ಯಾಟ್ ತಯಾರಿ: ಮೊದಲು ಓದುವ ವೇಗ ಅಳೆಯಿರಿ, ಆಮೇಲೆ ಗುರಿ ಇಡಿ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಪಿಯು ಕಾಲೇಜುಗಳಲ್ಲಿ ಸಿಇಟಿ, ನೀಟ್ ಯಾವಾಗ ನಡೆಯುತ್ತವೆ ಎಂದು ಕೇಳಿದರೆ ಯಾರಾದರೂ ಹೇಳುತ್ತಾರೆ. ಕಾನೂನು ಪದವಿಗೆ ಸೇರಲು ಬರೆಯುವ ಕ್ಲ್ಯಾಟ್ ಬಗ್ಗೆ ತಿಳಿಯುವ ಹೊತ್ತಿಗೆ ಮಾತ್ರ ಎಷ್ಟೋ ಮಕ್ಕಳಿಗೆ ಅರ್ಜಿಯ ಕೊನೆಯ ದಿನ ದಾಟಿರುತ್ತದೆ. ಪಿಯು ಫಲಿತಾಂಶ ಬಂದ ಮೇಲೆ ನೋಡೋಣ ಅಂತ ಕೂರುವ ಪರೀಕ್ಷೆ ಇದಲ್ಲ. ದ್ವಿತೀಯ ಪಿಯು ಓದುತ್ತಿರುವಾಗಲೇ, ಡಿಸೆಂಬರ್ ಮೊದಲ ಭಾನುವಾರ ಬಂದುಬಿಡುತ್ತದೆ: 2024ರಲ್ಲಿ ಡಿಸೆಂಬರ್ 1, 2025ರಲ್ಲಿ ಡಿಸೆಂಬರ್ 7. ಅರ್ಜಿ ಜುಲೈ ಅಥವಾ ಆಗಸ್ಟ್‌ನಲ್ಲಿ ತೆರೆಯುತ್ತದೆ, ಅಕ್ಟೋಬರ್ ಹೊತ್ತಿಗೆ ಮುಗಿಯುತ್ತದೆ. ಹಾಗಾಗಿ ತಯಾರಿಗೆ ಸರಿಯಾದ ಕಾಲ ಪ್ರಥಮ ಪಿಯು ಮುಗಿದ ಬೇಸಿಗೆ ರಜೆ. ಅಲ್ಲಿಂದ ಡಿಸೆಂಬರ್‌ಗೆ ಸುಮಾರು ಎಂಟು ತಿಂಗಳು ಸಿಗುತ್ತದೆ.

ಐದು ವರ್ಷದ ಕಾನೂನು ಪದವಿಗೆ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಒಕ್ಕೂಟ ನಡೆಸುವ ಪರೀಕ್ಷೆ ಇದು. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ ಮಾತ್ರ ಐಲೆಟ್ ಎಂಬ ತನ್ನದೇ ಪರೀಕ್ಷೆ ನಡೆಸುತ್ತದೆ. ಕಲೆ, ವಾಣಿಜ್ಯ, ವಿಜ್ಞಾನ ಯಾವ ವಿಭಾಗದವರೂ ಬರೆಯಬಹುದು. ದ್ವಿತೀಯ ಪಿಯುನಲ್ಲಿ ಶೇ 45, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 40 ಅಂಕ ಇರಬೇಕು. ವಯಸ್ಸಿನ ಮೇಲ್ಮಿತಿ ಇಲ್ಲ. ಪ್ರಶ್ನೆಪತ್ರಿಕೆ ಇಂಗ್ಲಿಷ್‌ನಲ್ಲಿ ಮಾತ್ರ ಇರುತ್ತದೆ. ನಮ್ಮ ಕಡೆಯ ಮಕ್ಕಳಿಗೆ ತೊಡಕಾಗುವುದು ಇದೇ, ಕಾನೂನಲ್ಲ. ತಯಾರಿಯ ಲೆಕ್ಕವೆಲ್ಲ ಇಲ್ಲಿಂದಲೇ ಶುರುವಾಗಬೇಕು.

ಪತ್ರಿಕೆಯ ಲೆಕ್ಕ

2024ರ ಪ್ರವೇಶದ ಪರೀಕ್ಷೆಯಿಂದ ಈಚೆಗೆ ಪತ್ರಿಕೆಯಲ್ಲಿ 120 ಪ್ರಶ್ನೆ, 120 ನಿಮಿಷ. ಸರಿ ಉತ್ತರಕ್ಕೆ 1 ಅಂಕ, ತಪ್ಪಿಗೆ 0.25 ಕಡಿತ, ಬಿಟ್ಟ ಪ್ರಶ್ನೆಗೆ ಕಡಿತವಿಲ್ಲ. ಇಂಗ್ಲಿಷ್ 22ರಿಂದ 26 ಪ್ರಶ್ನೆ, ಪ್ರಚಲಿತ ವಿದ್ಯಮಾನ ಮತ್ತು ಸಾಮಾನ್ಯ ಜ್ಞಾನ 28ರಿಂದ 32, ಕಾನೂನು ತರ್ಕ 28ರಿಂದ 32, ತಾರ್ಕಿಕ ಸಾಮರ್ಥ್ಯ 22ರಿಂದ 26, ಗಣಿತ 10ರಿಂದ 14. ಒಂಟಿ ಪ್ರಶ್ನೆಗಳಿಲ್ಲ. ಒಂದು ಗದ್ಯಭಾಗ ಕೊಟ್ಟು ಅದರ ಕೆಳಗೆ ಪ್ರಶ್ನೆಗಳ ಗೊಂಚಲು ಇಡುತ್ತಾರೆ. ಗಣಿತ ಬಿಟ್ಟು ಉಳಿದ ನಾಲ್ಕು ಭಾಗಗಳಲ್ಲಿ ಗದ್ಯಭಾಗ ಸುಮಾರು 450 ಪದಗಳಷ್ಟು ಉದ್ದ ಇರಬಹುದು.

ಈಗ ಗುಣಾಕಾರ ಮಾಡಿ. ಗಣಿತ ಬಿಟ್ಟರೆ ಸುಮಾರು 108 ಪ್ರಶ್ನೆ; ಒಂದು ಗದ್ಯಭಾಗಕ್ಕೆ ಐದು ಪ್ರಶ್ನೆ ಎಂದಿಟ್ಟುಕೊಂಡರೆ ಸುಮಾರು 22 ಗದ್ಯಭಾಗ, ಅಂದರೆ ಸುಮಾರು 9,900 ಪದ. ನಿಮಿಷಕ್ಕೆ 120 ಪದ ಓದುವವರಿಗೆ ಗದ್ಯಭಾಗ ಓದುವುದಕ್ಕೇ 82 ನಿಮಿಷ ಹೋಗುತ್ತದೆ. ಪ್ರಶ್ನೆ ಓದಿ, ಆಯ್ಕೆ ತೂಗಿ, ವೃತ್ತ ತುಂಬಲು 38 ನಿಮಿಷ ಉಳಿಯುತ್ತದೆ, 120 ಪ್ರಶ್ನೆಗೆ ಅದು ಸಾಲದು. ನಿಮಿಷಕ್ಕೆ 200 ಪದ ಓದುವವರಿಗೆ ಅದೇ ಕೆಲಸ 50 ನಿಮಿಷದಲ್ಲಿ ಮುಗಿದು, 70 ನಿಮಿಷ ಕೈಯಲ್ಲಿರುತ್ತದೆ. ಬುದ್ಧಿವಂತ ಮಕ್ಕಳೂ ಮೊದಲ ಅಣಕು ಪರೀಕ್ಷೆಯಲ್ಲಿ 70 ಪ್ರಶ್ನೆಗೆ ನಿಂತುಬಿಡುವುದು ಇದಕ್ಕೇ. ಅವರಿಗೆ ಕಾನೂನು ಗೊತ್ತಿಲ್ಲ ಎಂದು ದಪ್ಪ ಪುಸ್ತಕ ಕೊಡಿಸುವುದು ಕಾಲಿಗೆ ಏಟಾದರೆ ಕೈಗೆ ಪಟ್ಟಿ ಕಟ್ಟಿದಂತೆ.

ವೇಗ ಅಳೆಯುವುದು, ಹೆಚ್ಚಿಸುವುದು

ಯಾವುದಾದರೂ ಇಂಗ್ಲಿಷ್ ದಿನಪತ್ರಿಕೆಯ ಸಂಪಾದಕೀಯ ತೆಗೆದುಕೊಳ್ಳಿ. ಹತ್ತು ಸಾಲಿನ ಪದ ಎಣಿಸಿ, ಸರಾಸರಿ ಹಿಡಿದು, 450 ಪದ ಎಲ್ಲಿಗೆ ಬರುತ್ತದೋ ಅಲ್ಲಿ ಗೆರೆ ಹಾಕಿ. ಫೋನಿನಲ್ಲಿ ಟೈಮರ್ ಇಟ್ಟು ಒಂದೇ ಸಲ ಓದಿ. ಪತ್ರಿಕೆ ಮುಚ್ಚಿ, ಬರೆದವರು ಏನು ವಾದ ಮಾಡುತ್ತಿದ್ದಾರೆ ಎಂಬುದನ್ನು ಕನ್ನಡದಲ್ಲಿ ಮೂರು ವಾಕ್ಯ ಬರೆಯಿರಿ. ಬರೆಯಲಾಗದಿದ್ದರೆ ಆ ವೇಗ ಲೆಕ್ಕಕ್ಕಿಲ್ಲ, ನಿಧಾನ ಮಾಡಿ ಇನ್ನೊಂದು ಸಂಪಾದಕೀಯದ ಮೇಲೆ ಮತ್ತೆ ಅಳೆಯಿರಿ. ಮೂರು ದಿನದ ಸರಾಸರಿಯೇ ನಿಮ್ಮ ನಿಜವಾದ ವೇಗ.

120ಕ್ಕಿಂತ ಕಡಿಮೆ ಬಂದರೆ ಏಪ್ರಿಲ್‌ನಿಂದ ಜೂನ್‌ವರೆಗೆ ಓದನ್ನು ಬಿಟ್ಟು ಬೇರೇನೂ ಮಾಡಬೇಡಿ. ದಿನಕ್ಕೆ ಎರಡು ಸಂಪಾದಕೀಯ, ಒಟ್ಟು ಒಂದು ಗಂಟೆ ಸಾಕು. ಮೊದಲ ಓದಿನಲ್ಲಿ ನಿಘಂಟು ಮುಟ್ಟಬಾರದು. ಗೊತ್ತಿಲ್ಲದ ಪದದ ಕೆಳಗೆ ಗೆರೆ ಎಳೆದು ಮುಂದೆ ಹೋಗಿ, ಅರ್ಥ ಸುತ್ತಲಿನ ವಾಕ್ಯದಿಂದ ಊಹಿಸಿ, ಎರಡನೇ ಓದಿನಲ್ಲಿ ನಿಘಂಟು ನೋಡಿ ಊಹೆ ಸರಿಯೇ ಎಂದು ತಾಳೆ ಹಾಕಿ. ಒಂದೊಂದೇ ಪದವನ್ನು ಮನಸ್ಸಿನಲ್ಲಿ ಕನ್ನಡಕ್ಕೆ ತಿರುಗಿಸುವ ಅಭ್ಯಾಸ ವೇಗವನ್ನು ಅರ್ಧಕ್ಕೆ ಇಳಿಸುತ್ತದೆ. ಅದರ ಬದಲು ಒಂದು ಪ್ಯಾರಾ ಮುಗಿದ ಮೇಲೆ ಅದರ ಸಾರವನ್ನು ಕನ್ನಡದಲ್ಲಿ ಒಂದೇ ವಾಕ್ಯವಾಗಿ ಹೇಳಿಕೊಳ್ಳಿ. ತುಟಿ ಆಡಿಸಿ ಓದುವವರ ವೇಗ ಮಾತಿನ ವೇಗವನ್ನು ದಾಟುವುದಿಲ್ಲ. ಅದನ್ನೂ ಬಿಡಿಸಿಕೊಳ್ಳಬೇಕು.

ಕನ್ನಡ ಮಾಧ್ಯಮದವರಿಗೆ ಬಹಳ ಉಪಯೋಗಕ್ಕೆ ಬರುವ ದಾರಿ ಇನ್ನೊಂದಿದೆ. ಅದೇ ದಿನದ ಸುದ್ದಿಯನ್ನು ಮೊದಲು ಪ್ರಜಾವಾಣಿಯಲ್ಲಿ ಓದಿ, ಆಮೇಲೆ ಡೆಕ್ಕನ್ ಹೆರಾಲ್ಡ್‌ನಲ್ಲಿ ಓದಿ. ವಿಷಯ ಮೊದಲೇ ತಿಳಿದಿರುವುದರಿಂದ ಇಂಗ್ಲಿಷ್ ವಾಕ್ಯ ತಾನಾಗಿ ಬಿಚ್ಚಿಕೊಳ್ಳುತ್ತದೆ. ಆರು ವಾರ ಹೀಗೆ ಮಾಡಿ, ನಂತರ ಕನ್ನಡದ ಊರುಗೋಲು ಬಿಡಿ. ಎರಡೂ ಪತ್ರಿಕೆ ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಓದಲು ಸಿಗುತ್ತವೆ. ಸಿರಾ, ಮುಳಬಾಗಿಲು, ಗೌರಿಬಿದನೂರಿನಿಂದ ಬಸ್ಸಿನಲ್ಲಿ ಓಡಾಡುವವರು ಆ ಸಮಯವನ್ನು ಹಿಂದಿನ ದಿನ ಗೆರೆ ಎಳೆದ ಪದಗಳಿಗೆ ಇಟ್ಟುಕೊಳ್ಳಿ. ಅಲುಗಾಡುವ ಬಸ್ಸಿನಲ್ಲಿ ಗದ್ಯಭಾಗ ಓದಿ ಕಣ್ಣು ನೋಯಿಸಿಕೊಳ್ಳಬೇಕಾಗಿಲ್ಲ.

ಕಾನೂನು ತರ್ಕ: ನಿಮ್ಮ ನ್ಯಾಯ ಅಲ್ಲ, ಕೊಟ್ಟ ನಿಯಮ

ಈ ಭಾಗಕ್ಕೆ ಮೊದಲೇ ಕಾನೂನು ಓದಿರಬೇಕಾಗಿಲ್ಲ. ನಿಯಮ ಗದ್ಯಭಾಗದಲ್ಲೇ ಇರುತ್ತದೆ. ಕೊಟ್ಟ ಸನ್ನಿವೇಶಕ್ಕೆ ಅದನ್ನು ಅನ್ವಯಿಸುವುದಷ್ಟೇ ಕೆಲಸ. ಹೆಚ್ಚಿನ ತಪ್ಪುಗಳು ಆಗುವುದು ತಮ್ಮ ಮನಸ್ಸಿಗೆ ನ್ಯಾಯ ಎನಿಸಿದ್ದನ್ನು ಉತ್ತರ ಮಾಡಿಕೊಳ್ಳುವುದರಿಂದ.

ನಮ್ಮ ಊರಿನದೇ ಒಂದು ಉದಾಹರಣೆ ತೆಗೆದುಕೊಳ್ಳಿ. ನಿಯಮ ಹೀಗಿದೆ: ತನ್ನ ಜಮೀನಿನ ಸ್ವಾಭಾವಿಕ ಬಳಕೆಗೆ ಮೀರಿ, ಹೊರಗೆ ಹರಿದರೆ ಹಾನಿ ಮಾಡಬಲ್ಲ ವಸ್ತುವನ್ನು ಒಬ್ಬ ಅಲ್ಲಿ ತಂದು ಸಂಗ್ರಹಿಸಿದರೆ, ಅದು ಹೊರಹರಿದು ಆದ ನಷ್ಟಕ್ಕೆ, ಅಜಾಗರೂಕತೆ ಇಲ್ಲದಿದ್ದರೂ, ಅವನೇ ಹೊಣೆ; ನಷ್ಟವಾದವನ ಸ್ವಂತ ತಪ್ಪಿನಿಂದ ಆಗಿದ್ದರೆ ಹೊಣೆಯಿಲ್ಲ. ಸನ್ನಿವೇಶ: ಕೋಲಾರದ ರೈತನೊಬ್ಬ, ಸ್ವಾಭಾವಿಕ ಬಳಕೆಗೆ ಮೀರಿದ್ದೆಂದು ಎಲ್ಲರೂ ಒಪ್ಪಿದ ದೊಡ್ಡ ನೀರಿನ ಹೊಂಡವನ್ನು ಒಳ್ಳೆಯ ಎಂಜಿನಿಯರ್ ಸಲಹೆಯಂತೆ ಕಟ್ಟಿಸಿದ. ಏರಿ ಒಡೆದು ಪಕ್ಕದ ಟೊಮೆಟೊ ತೋಟ ಕೊಚ್ಚಿಹೋಯಿತು. 'ಪಾಪ, ಅವನು ಎಲ್ಲ ಎಚ್ಚರ ವಹಿಸಿದ್ದ, ಹೊಣೆಯಿಲ್ಲ' ಎಂದು ಗುರುತು ಹಾಕಿದರೆ ತಪ್ಪು. ಅಜಾಗರೂಕತೆ ಬೇಕಿಲ್ಲ ಎಂದು ನಿಯಮವೇ ಹೇಳಿದೆ. ಮುಂದಿನ ಪ್ರಶ್ನೆ ಸನ್ನಿವೇಶವನ್ನು ಸ್ವಲ್ಪ ತಿರುಗಿಸುತ್ತದೆ: ತೋಟದವನೇ ಮಣ್ಣಿಗಾಗಿ ಏರಿಯ ಬುಡ ಅಗೆದಿದ್ದ. ಈಗ ಉತ್ತರವೂ ತಿರುಗುತ್ತದೆ, ಏಕೆಂದರೆ ನಿಯಮದ ಎರಡನೇ ಭಾಗ ಎಚ್ಚೆತ್ತಿತು. ಈ ನಿಯಮದ ಮೂಲ 1868ರ ರೈಲ್ಯಾಂಡ್ಸ್ ವಿರುದ್ಧ ಫ್ಲೆಚರ್ ತೀರ್ಪು. ಅದರಲ್ಲೂ ಒಡೆದದ್ದು ನೀರಿನ ಸಂಗ್ರಹವೇ. ಆದರೆ ಪರೀಕ್ಷೆಯಲ್ಲಿ ಇತಿಹಾಸ ನೆನಪಿರುವುದಕ್ಕಿಂತ ಅರ್ಧವಿರಾಮದ ನಂತರದ ಆ ವಿನಾಯಿತಿಯನ್ನು ಬಿಡದೆ ಓದುವುದು ಅಂಕ ಕೊಡುತ್ತದೆ.

ಆದ್ದರಿಂದ ನಿಯಮ ಸಿಕ್ಕಿದ ಕೂಡಲೇ ಅಂಚಿನಲ್ಲಿ ಎರಡು ಗುರುತು ಹಾಕಿಕೊಳ್ಳಿ: ಯಾವ ಯಾವ ಷರತ್ತು ಪೂರೈಸಬೇಕು, ಯಾವುದು ವಿನಾಯಿತಿ. 'ಅನ್‌ಲೆಸ್' (ಹೊರತು), 'ಪ್ರೊವೈಡೆಡ್ ದಟ್' (ಎಂಬ ಷರತ್ತಿನ ಮೇಲೆ), 'ನಾಟ್‌ವಿತ್‌ಸ್ಟ್ಯಾಂಡಿಂಗ್' (ಏನೇ ಇದ್ದರೂ) ಎಂಬ ಪದಗಳ ಸುತ್ತ ವೃತ್ತ ಹಾಕಿ. 'ಶಲ್' ಎಂದರೆ ಮಾಡಲೇಬೇಕು, 'ಮೇ' ಎಂದರೆ ಮಾಡಬಹುದು. ಈ ಚಿಕ್ಕ ಪದಗಳೇ ಉತ್ತರವನ್ನು ಬುಡಮೇಲು ಮಾಡುತ್ತವೆ.

ಪ್ರಚಲಿತ ವಿದ್ಯಮಾನದಲ್ಲಿ ಗದ್ಯಭಾಗ ಓದಿದರೆ ಸಾಲದು, ಪ್ರಶ್ನೆಗಳು ಅದರಾಚೆಗೂ ಹೋಗುತ್ತವೆ. ಒಂದು ನೋಟ್‌ಬುಕ್ ಸಾಕು. ಒಂದು ಘಟನೆಗೆ ಅರ್ಧ ಪುಟ: ಏನಾಯಿತು, ಯಾವ ಸಂಸ್ಥೆ, ಯಾವ ಕಾನೂನು ಅಥವಾ ಸಂವಿಧಾನದ ವಿಧಿ, ಇದಕ್ಕೆ ಮುಂಚೆ ಏನಿತ್ತು. ಉದಾಹರಣೆಗೆ ಭಾರತೀಯ ನ್ಯಾಯ ಸಂಹಿತೆ 2024ರ ಜುಲೈ 1ರಂದು ಜಾರಿಗೆ ಬಂತು ಎಂದು ಬರೆದರೆ, 1860ರ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಬಂತು ಎಂಬುದೂ, ಜೊತೆಗೆ ಬಂದ ಇನ್ನೆರಡು ಸಂಹಿತೆಗಳ ಹೆಸರೂ ಅಲ್ಲೇ ಇರಬೇಕು. ರಾಷ್ಟ್ರಪತಿ ಆಳ್ವಿಕೆ ಸುದ್ದಿ ಬಂದರೆ 356ನೇ ವಿಧಿ, 1994ರ ಎಸ್.ಆರ್. ಬೊಮ್ಮಾಯಿ ತೀರ್ಪು. ಕೊನೆಯ ತಿಂಗಳಲ್ಲಿ ವರ್ಷದ ಪ್ರಚಲಿತವನ್ನೆಲ್ಲ ಒಂದೇ ಪುಸ್ತಕದಿಂದ ಬಾಯಿಪಾಠ ಮಾಡಲು ಹೊರಟರೆ ಏನೂ ಉಳಿಯುವುದಿಲ್ಲ.

ಗಣಿತ ಎಸ್‌ಎಸ್‌ಎಲ್‌ಸಿ ಮಟ್ಟದ್ದೇ: ಶೇಕಡಾ, ಅನುಪಾತ, ಸರಾಸರಿ, ಕೋಷ್ಟಕ ಮತ್ತು ನಕ್ಷೆ ಓದುವುದು. ಕಲಾ ವಿಭಾಗದವರು ಹೆದರಿ ಇದನ್ನು ಪೂರ್ತಿ ಬಿಡುತ್ತಾರೆ, ಅದು ದೊಡ್ಡ ನಷ್ಟ. ಇಂಗ್ಲಿಷ್ ಕಡಿಮೆ ಬೇಡುವ ಭಾಗ ಇದೊಂದೇ.

ಅಣಕು ಪರೀಕ್ಷೆ

ಜುಲೈನಿಂದ ಹದಿನೈದು ದಿನಕ್ಕೊಂದು, ಸೆಪ್ಟೆಂಬರ್‌ನಿಂದ ವಾರಕ್ಕೊಂದು, ನವೆಂಬರ್‌ನಲ್ಲಿ ವಾರಕ್ಕೆ ಎರಡು. ಒಟ್ಟು 20ರಿಂದ 25 ಆದರೆ ಸಾಕು. ಭಾನುವಾರ ಮಧ್ಯಾಹ್ನ 2ರಿಂದ 4ಕ್ಕೇ ಬರೆಯಿರಿ, ನಿಜವಾದ ಪರೀಕ್ಷೆಯ ಹೊತ್ತು ಅದೇ. ಮುದ್ದೆ ಉಂಡು ಕಣ್ಣೆಳೆಯುವ ಹೊತ್ತಿನಲ್ಲಿ ತಲೆ ಓಡಿಸುವುದಕ್ಕೂ ಅಭ್ಯಾಸ ಬೇಕು. ಫೋನಿನ ಪರದೆಯ ಮೇಲೆ ಬರೆಯಬೇಡಿ. ಪ್ರಶ್ನೆಪತ್ರಿಕೆ ಮುದ್ರಿಸಿಕೊಂಡು, ಓಎಂಆರ್ ಹಾಳೆಯಲ್ಲಿ ಬಾಲ್‌ಪೆನ್ನಿನಿಂದ ವೃತ್ತ ತುಂಬಿ. ಒಮ್ಮೆ ತುಂಬಿದ್ದನ್ನು ಅಳಿಸಲಾಗದು. ಎಲ್ಲವನ್ನೂ ಕೊನೆಯ ಹತ್ತು ನಿಮಿಷಕ್ಕೆ ತುಂಬಲು ಇಟ್ಟುಕೊಂಡವರು ಒಂದು ಸಾಲು ತಪ್ಪಿ ಪೂರ್ತಿ ಭಾಗ ಕಳೆದುಕೊಳ್ಳುತ್ತಾರೆ. ಒಂದು ಗದ್ಯಭಾಗ ಮುಗಿದಾಗ ಅದರ ವೃತ್ತಗಳನ್ನು ತುಂಬಿ ಮುಂದೆ ಹೋಗಿ.

ಪರೀಕ್ಷೆ ಎರಡು ಗಂಟೆ, ವಿಶ್ಲೇಷಣೆ ಮೂರು ಗಂಟೆ. ಪ್ರತಿ ತಪ್ಪಿನ ಮುಂದೆ ಕಾರಣ ಬರೆಯಿರಿ: ಪದ ಗೊತ್ತಿರಲಿಲ್ಲ, ಪ್ರಶ್ನೆ ತಪ್ಪಾಗಿ ಓದಿದೆ, ಸಮಯ ಸಾಲಲಿಲ್ಲ, ಬರೀ ಊಹೆ. ನಾಲ್ಕು ಪರೀಕ್ಷೆ ಆದ ಮೇಲೆ ಯಾವ ಕಾರಣ ಹೆಚ್ಚಿದೆಯೋ ಮುಂದಿನ ಎರಡು ವಾರದ ಕೆಲಸ ಅದೇ.

ಎಷ್ಟು ಪ್ರಶ್ನೆ ಮುಟ್ಟಬೇಕು? 100 ಮುಟ್ಟಿ 75 ಸರಿ, 25 ತಪ್ಪಾದರೆ ಬರುವುದು 68.75. 84 ಮುಟ್ಟಿ 72 ಸರಿ, 12 ತಪ್ಪಾದರೆ 69. ಹದಿನಾರು ಪ್ರಶ್ನೆ ಹೆಚ್ಚು ಓಡಿದ್ದಕ್ಕೆ ಏನೂ ಸಿಗಲಿಲ್ಲ. ಮುಟ್ಟಿದ್ದರಲ್ಲಿ ಶೇ 75 ಸರಿಯಾಗುವವರೆಗೆ ಸಂಖ್ಯೆ ಹೆಚ್ಚಿಸಲು ಹೋಗಬೇಡಿ. ಹಾಗಂತ ಓದಿದ ಪ್ರಶ್ನೆಯನ್ನು ಭಯದಿಂದ ಬಿಡುವುದೂ ಬೇಡ. ನಾಲ್ಕರಲ್ಲಿ ಎರಡು ಆಯ್ಕೆ ಖಚಿತವಾಗಿ ತಪ್ಪೆಂದು ತಿಳಿದರೆ, ಉಳಿದ ಎರಡರಲ್ಲಿ ಒಂದನ್ನು ಹಾಕುವುದು ಸರಾಸರಿ 0.375 ಅಂಕದ ಲಾಭ.

ಗುರಿ ಎಲ್ಲಿಡಬೇಕು

ರ‍್ಯಾಂಕ್ ನಿಮ್ಮ ಕೈಯಲ್ಲಿಲ್ಲ. ಅದು ಪತ್ರಿಕೆ ಎಷ್ಟು ಕಷ್ಟ, ಉಳಿದವರು ಹೇಗೆ ಬರೆದರು ಎಂಬುದರ ಮೇಲೆ ನಿಂತಿದೆ. ಒಂದು ವರ್ಷ ಒಳ್ಳೆಯದೆನಿಸಿದ ಅಂಕ ಇನ್ನೊಂದು ವರ್ಷ ಸಾಧಾರಣವಾಗಬಹುದು. ಬೆಂಗಳೂರಿನ ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲ್‌ನಲ್ಲಿ ಸಾಮಾನ್ಯ ವರ್ಗದ ಸೀಟು ನೂರರ ಆಸುಪಾಸಿನ ರ‍್ಯಾಂಕಿಗೇ ಮುಗಿಯುತ್ತದೆ. ಆದ್ದರಿಂದ ಗೋಡೆಯ ಮೇಲೆ ರ‍್ಯಾಂಕ್ ಬರೆದು ಅಂಟಿಸುವ ಬದಲು ತಿಂಗಳಿಗೊಂದು ಅಳತೆ ಬರೆಯಿರಿ: ಜೂನ್ ಕೊನೆಗೆ ನಿಮಿಷಕ್ಕೆ 150 ಪದ, ಆಗಸ್ಟ್ ಕೊನೆಗೆ 180, ಅಕ್ಟೋಬರ್‌ಗೆ 200, ಸರಿಯುತ್ತರದ ಪ್ರಮಾಣ ಶೇ 75. ಎರಡು ತಿಂಗಳು ಸತತವಾಗಿ ಅಳತೆ ಹಿಂದೆ ಬಿದ್ದರೆ ಗುರಿಯನ್ನು ಇಳಿಸಿ, ನಿದ್ದೆಯನ್ನಲ್ಲ.

ಕರ್ನಾಟಕದಲ್ಲಿ ಕನಿಷ್ಠ ಹತ್ತು ವರ್ಷ ಓದಿದವರಿಗೆ ನ್ಯಾಷನಲ್ ಲಾ ಸ್ಕೂಲ್‌ನಲ್ಲಿ ಶೇ 25ರಷ್ಟು ಮೀಸಲಾತಿ ಇದೆ. ನಮ್ಮ ಮಕ್ಕಳು ಇದನ್ನು ಕೈಬಿಡಬಾರದು. ಅರ್ಜಿ ತುಂಬುವಾಗಲೇ ಆ ಕಲಂ ಗುರುತಿಸಬೇಕು. ಸಿಇಟಿಗೆ ಮಾಡಿಸುವ ಹಾಗೆ ವ್ಯಾಸಂಗ ಪ್ರಮಾಣಪತ್ರವನ್ನು ಓದಿದ ಶಾಲೆಗಳಿಂದ, ಜಾತಿ ಪ್ರಮಾಣಪತ್ರವನ್ನು ನಾಡಕಚೇರಿಯಿಂದ ಜುಲೈನಲ್ಲೇ ಮಾಡಿಸಿಡಿ. ಹೆಸರಿನ ಇನಿಷಿಯಲ್ ಅಂಕಪಟ್ಟಿಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಇದ್ದರೆ ಈಗಲೇ ಸರಿಪಡಿಸಿಕೊಳ್ಳಿ. ಇತ್ತೀಚಿನ ವರ್ಷಗಳಲ್ಲಿ ಅರ್ಜಿ ಶುಲ್ಕ 4,000 ರೂಪಾಯಿ, ಪರಿಶಿಷ್ಟರಿಗೂ ಬಡತನ ರೇಖೆಗಿಂತ ಕೆಳಗಿನವರಿಗೂ 3,500. ಕೋಚಿಂಗ್‌ಗೆ ಹಣವಿಲ್ಲದ ಮನೆಯವರು ಐಡಿಯಾ (IDIA) ಎಂಬ ಸಂಸ್ಥೆಯನ್ನು ವಿಚಾರಿಸಿ. 2010ರಲ್ಲಿ ಪ್ರಾಧ್ಯಾಪಕ ಶಮ್ನಾದ್ ಬಶೀರ್ ಆರಂಭಿಸಿದ ಈ ಸಂಸ್ಥೆ ಹಿಂದುಳಿದ ಹಿನ್ನೆಲೆಯ ಮಕ್ಕಳಿಗೆ ಕ್ಲ್ಯಾಟ್ ತರಬೇತಿ ಕೊಡುತ್ತದೆ.

ಡಿಸೆಂಬರ್‌ನ ಆಚೆಗೆ ಮಾರ್ಚ್ ಇದೆ. ಕ್ಲ್ಯಾಟ್‌ಗಾಗಿ ದ್ವಿತೀಯ ಪಿಯು ಪಾಠ ಬಿಟ್ಟವರು ಎರಡೂ ಕಡೆ ಪೆಟ್ಟು ತಿನ್ನುತ್ತಾರೆ. ಕಾಲೇಜಿನ ದಿನ ಕ್ಲ್ಯಾಟ್‌ಗೆ ಎರಡು ಗಂಟೆಗಿಂತ ಹೆಚ್ಚು ಬೇಡ, ಮಧ್ಯವಾರ್ಷಿಕ ಪರೀಕ್ಷೆಯ ವಾರ ಪೂರ್ತಿ ಬಿಡಿ, ದಸರಾ ರಜೆಯನ್ನು ಅಣಕು ಪರೀಕ್ಷೆಗೆ ಬಳಸಿ. ಪಿಯು ಅಂಕ ಚೆನ್ನಾಗಿದ್ದರೆ ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಧೀನದ ಕಾಲೇಜುಗಳ ಬಾಗಿಲು ತೆರೆದೇ ಇರುತ್ತದೆ. ಆ ದಾರಿ ಸೋತವರದಲ್ಲ: ವಕೀಲಿಕೆಗೆ ಬರೆಯಬೇಕಾದ ಅಖಿಲ ಭಾರತ ಬಾರ್ ಪರೀಕ್ಷೆ ಎಲ್ಲಿ ಓದಿದವರಿಗೂ ಒಂದೇ. ಪದವಿ ಮುಗಿಸಿ ಮೂರು ವರ್ಷದ ಎಲ್‌ಎಲ್‌ಬಿ ಮಾಡುವವರಿಗೂ ನಾಗರಭಾವಿಯ ದಾರಿ ಮುಚ್ಚಿಲ್ಲ. 2022ರಿಂದ ಅಲ್ಲಿ ಆ ಕೋರ್ಸ್ ಇದೆ, ಅದಕ್ಕೆ ಎನ್‌ಎಲ್‌ಸ್ಯಾಟ್ ಎಂಬ ಬೇರೆ ಪರೀಕ್ಷೆ ಬರೆಯಬೇಕು.

ಪರೀಕ್ಷಾ ಕೇಂದ್ರ ಬೆಂಗಳೂರಿನಲ್ಲಿ ಸಿಕ್ಕರೆ ಹಿಂದಿನ ಭಾನುವಾರ ಒಮ್ಮೆ ಅದೇ ಬಸ್ಸು ಅಥವಾ ರೈಲಿನಲ್ಲಿ ಹೋಗಿ ಬನ್ನಿ. ಭಾನುವಾರದ ವೇಳಾಪಟ್ಟಿ ವಾರದ ದಿನದಂತಿರುವುದಿಲ್ಲ. ಪರೀಕ್ಷೆಯ ದಿನ ಮಧ್ಯಾಹ್ನ 12ರ ಒಳಗೆ ಕೇಂದ್ರದ ಹತ್ತಿರ ಇರುವಂತೆ ಹೊರಡಿ. ಪ್ರವೇಶಪತ್ರ, ಗುರುತಿನ ಚೀಟಿ, ಎರಡು ಬಾಲ್‌ಪೆನ್, ನೀರಿನ ಬಾಟಲಿ ಜೊತೆಗಿರಲಿ.